ಮಾತಿಲ್ಲದ ಐದು ಲೈನುಗಳು: ಶಾಲೆಯ ಫೋನನ್ನು ಡಿಜಿಟಲ್‌ಗೆ ಒಯ್ಯುವ ಮೂರು ದಾರಿಗಳ ಹೋಲಿಕೆ

ನಮ್ಮ ಶಾಲೆ ಒಂಬತ್ತು ಫೋನ್ ಲೈನುಗಳಿಗೆ ಬಾಡಿಗೆ ಕಟ್ಟುತ್ತಿತ್ತು. ಮನುಷ್ಯರು ಮಾತನಾಡುತ್ತಿದ್ದದ್ದು ನಾಲ್ಕರಲ್ಲಿ ಮಾತ್ರ. ಉಳಿದ ಐದರಲ್ಲಿ ಒಂದು ಲಿಫ್ಟಿನದು, ಒಂದು ಬೆಂಕಿಯ ಅಲಾರಮ್ಮಿನದು, ಒಂದು ಕಳ್ಳರ ಅಲಾರಮ್ಮಿನದು, ಒಂದು ಫ್ಯಾಕ್ಸಿನದು. ಐದನೆಯದು ಯಾವುದೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂತಿಯನ್ನು ಹಿಡಿದುಕೊಂಡು ಹೋದಾಗ ಅದು ಬಾಯ್ಲರ್ ಕೋಣೆಯ ಹಿಂದಿನ ಹಳೆಯ ಪೆಟ್ಟಿಗೆಯೊಂದರಲ್ಲಿ ಕೊನೆಗೊಂಡಿತು.

ನಾನು ಇಂಗ್ಲೆಂಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟರ್ ಮತ್ತು ಕಟ್ಟಡದ ವ್ಯವಸ್ಥೆಗಳನ್ನು ನೋಡಿಕೊಳ್ಳುತ್ತೇನೆ. ಬ್ರಿಟನ್ನಿನಲ್ಲಿ ಹಳೆಯ ಅನಲಾಗ್ ದೂರವಾಣಿ ಜಾಲ 2027ರ ಜನವರಿ 31ಕ್ಕೆ ನಿಲ್ಲುತ್ತದೆ. ಮೊದಲು 2025ರ ಡಿಸೆಂಬರ್ ಎಂದಿದ್ದರು, ಬಳಿಕ ಮುಂದೂಡಿದರು. 2023ರ ಸೆಪ್ಟೆಂಬರಿನಿಂದಲೇ ಹೊಸ ಅನಲಾಗ್ ಲೈನ್ ಮಾರುವುದನ್ನು ಓಪನ್‌ರೀಚ್, ಎಂದರೆ ಇಲ್ಲಿನ ಫೋನ್ ತಂತಿಗಳ ಜಾಲವನ್ನು ನೋಡಿಕೊಳ್ಳುವ ಕಂಪನಿ, ನಿಲ್ಲಿಸಿದೆ. ಕಚೇರಿಗಳು ಬಳಸುವ ಹಳೆಯ ಬಗೆಯ ಡಿಜಿಟಲ್ ಲೈನುಗಳೂ (ಐಎಸ್‌ಡಿಎನ್) ಅದರ ಜೊತೆಗೇ ಹೋಗುತ್ತವೆ. ಇನ್ನು ಮುಂದೆ ಧ್ವನಿಯೆಲ್ಲ ಬ್ರಾಡ್‌ಬ್ಯಾಂಡಿನ ಮೇಲೆಯೇ ಸಾಗಬೇಕು.

ಹಳೆಯ ತಾಮ್ರದ ತಂತಿಯ ಗುಣವೊಂದನ್ನು ಇಲ್ಲಿನವರು ಬಹುಮಟ್ಟಿಗೆ ಮರೆತೇಬಿಟ್ಟಿದ್ದರು. ಅದು ತನ್ನ ವಿದ್ಯುತ್ತನ್ನು ತಾನೇ ಹೊತ್ತು ತರುತ್ತದೆ. ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಸುಮಾರು 50 ವೋಲ್ಟ್ ಬರುವುದರಿಂದ, ಶಾಲೆಯಲ್ಲಿ ಕರೆಂಟು ಹೋದರೂ ಸಾಧಾರಣ ಫೋನ್ ಸತ್ತಿರುವುದಿಲ್ಲ. ಮಳೆಗಾಲದಲ್ಲಿ ದೀಪವಾರಿದ ಮನೆಯಲ್ಲಿ ಲ್ಯಾಂಡ್‌ಲೈನ್ ರಿಂಗಾಗುವುದನ್ನು ಕೇಳಿ ಬೆಳೆದ ನನಗೆ ಮೊದಲು ಹೊಳೆದ ಪ್ರಶ್ನೆ ಯುಪಿಎಸ್ ಎಲ್ಲಿ ಎಂಬುದು. ಬೆಂಗಳೂರಿನ ಯಾವುದೇ ಮನೆಯವರೂ ಕೇಳುವ ಪ್ರಶ್ನೆ ಅದು. ಇಲ್ಲಿನ ಸಭೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಯಿತು.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಶಾಲೆಯೊಳಗೆ ಕರೆಗಳನ್ನು ಹಂಚುವ ಹಳೆಯ ಎಕ್ಸ್‌ಚೇಂಜ್ ಪೆಟ್ಟಿಗೆ ಮತ್ತು ಫೋನುಗಳನ್ನು ಹಾಗೆಯೇ ಇಟ್ಟುಕೊಂಡು, ಹೊರಗಿನ ಲೈನಿನ ಜಾಗದಲ್ಲಿ ಹಳೆಯ ಫೋನಿನ ಧ್ವನಿಯನ್ನು ಬ್ರಾಡ್‌ಬ್ಯಾಂಡಿಗೆ ಒಗ್ಗಿಸುವ ಅಡಾಪ್ಟರ್ ಕೂರಿಸುವುದು ಒಂದು. ಎಲ್ಲವನ್ನೂ ತೆಗೆದು, ಕಂಪನಿಯ ಸರ್ವರಿನಿಂದ ನಡೆಯುವ ಕ್ಲೌಡ್ ಫೋನಿಗೆ ಹೋಗುವುದು ಇನ್ನೊಂದು. ಬ್ರಾಡ್‌ಬ್ಯಾಂಡನ್ನು ನಂಬದೆ ಸಿಮ್ ಹಾಕಿದ 4ಜಿ ಪೆಟ್ಟಿಗೆಯನ್ನು ಬಳಸುವುದು ಮೂರನೆಯದು. ಪ್ರಾಯೋಗಿಕ ಉಪಕರಣಗಳನ್ನು ತರಿಸಿ ಮೂರನ್ನೂ ಶಾಲೆಯ ಒಂದು ಟರ್ಮಿನುದ್ದಕ್ಕೂ ನಡೆಸಿ ನೋಡಿದೆ.

ಅಡಾಪ್ಟರ್ ಎಲ್ಲಕ್ಕಿಂತ ಅಗ್ಗ. ಸಿಬ್ಬಂದಿಗೆ ಏನೂ ಬದಲಾದಂತೆ ಕಾಣುವುದಿಲ್ಲ, ಅದೇ ಫೋನ್, ಅದೇ ಒಳಸಂಖ್ಯೆ. ಒಂದೇ ದಿನದಲ್ಲಿ ಕೆಲಸ ಮುಗಿಯಿತು, ಮಾತೂ ಸ್ವಚ್ಛವಾಗಿ ಕೇಳಿಸಿತು. ಆದರೆ ನಮ್ಮ ಎಕ್ಸ್‌ಚೇಂಜ್ ಪೆಟ್ಟಿಗೆಗೆ ವಯಸ್ಸಾಗಿದೆ. ಬಿಡಿಭಾಗಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಷ್ಟೇ ಸಿಗುತ್ತವೆ. ಸಾಯಲಿರುವ ಪೆಟ್ಟಿಗೆಗೆ ಹೊಸ ಊರುಗೋಲು ಕೊಟ್ಟರೆ ಎರಡು ವರ್ಷದಲ್ಲಿ ಇದೇ ಖರ್ಚು ಮತ್ತೆ ತಲೆಯೆತ್ತುತ್ತದೆ. ಎಕ್ಸ್‌ಚೇಂಜ್ ಇತ್ತೀಚಿನದಾಗಿದ್ದ ಶಾಲೆಗೆ ಈ ದಾರಿಯನ್ನು ಹಿಂಜರಿಯದೆ ಹೇಳುತ್ತೇನೆ, ನಮ್ಮದಕ್ಕೆ ಹೇಳಲಾರೆ.

ಕ್ಲೌಡ್ ಫೋನ್ ಗೆದ್ದದ್ದು ಬೆಳಗಿನ ಎಂಟೂವರೆಯಿಂದ ಒಂಬತ್ತರ ನಡುವೆ. ಮಗುವಿಗೆ ಜ್ವರ, ಬಸ್ ತಪ್ಪಿತು, ಇಂದು ದಂತವೈದ್ಯರಲ್ಲಿಗೆ ಹೋಗಬೇಕು ಎಂದು ಪೋಷಕರು ಕರೆ ಮಾಡುವ ಹೊತ್ತು ಅದು. ನಾಲ್ಕು ಲೈನು ತುಂಬಿದರೆ ಐದನೆಯವರಿಗೆ ಕೇಳುತ್ತಿದ್ದದ್ದು ಎಂಗೇಜ್ ಸದ್ದು. ಬಾರದ ಮಗು ಮನೆಯಲ್ಲಿದೆಯೋ ದಾರಿಯಲ್ಲಿದೆಯೋ ಎಂದು ಶಾಲೆಗೆ ತಿಳಿಯಲೇಬೇಕಾದ ಹೊತ್ತಿನಲ್ಲಿ ಆ ಸದ್ದು ಸಣ್ಣ ವಿಷಯವಲ್ಲ. ಹೊಸ ವ್ಯವಸ್ಥೆಯಲ್ಲಿ ಕರೆಗಳು ಸಾಲಿನಲ್ಲಿ ನಿಲ್ಲುತ್ತವೆ, ಗೈರುಹಾಜರಿಗೆ ಬೇರೆ ಧ್ವನಿಪೆಟ್ಟಿಗೆ ಇದೆ, ಹಿಮ ಬಿದ್ದು ಶಾಲೆ ಮುಚ್ಚಿದ ದಿನ ಕಚೇರಿಯ ಸಹೋದ್ಯೋಗಿ ಮನೆಯಿಂದಲೇ ಶಾಲೆಯ ಸಂಖ್ಯೆಯಲ್ಲಿ ಉತ್ತರಿಸಬಹುದು.

ತೊಡಕುಗಳಿಗೂ ಕೊರತೆಯಿರಲಿಲ್ಲ. ಒಂದು ಕರೆಗೆ ಬೇಕಾಗುವುದು ಸೆಕೆಂಡಿಗೆ ಸುಮಾರು 100 ಕಿಲೋಬಿಟ್ ಅಷ್ಟೇ. ಪ್ರಾಥಮಿಕ ಶಾಲೆಗಳಿಗೆ ಇಂಗ್ಲೆಂಡಿನ ಶಿಕ್ಷಣ ಇಲಾಖೆಯ ಮಾನದಂಡ ಸೆಕೆಂಡಿಗೆ ಡೌನ್‌ಲೋಡಿಗೆ 100, ಅಪ್‌ಲೋಡಿಗೆ 30 ಮೆಗಾಬಿಟ್. ಆದ್ದರಿಂದ ಬ್ರಾಡ್‌ಬ್ಯಾಂಡಿನ ಸಾಮರ್ಥ್ಯ ಸಾಲದೆ ತೊಂದರೆಯಾಗುವುದಿಲ್ಲ. ಆದರೂ ತರಗತಿಯ ಟ್ಯಾಬ್ಲೆಟ್‌ಗಳೆಲ್ಲ ಒಟ್ಟಿಗೆ ಅಪ್‌ಡೇಟ್ ಆಗತೊಡಗಿದ ಮಧ್ಯಾಹ್ನ ಧ್ವನಿ ಚೂರುಚೂರಾಯಿತು. ಧ್ವನಿಗೆ ಜಾಲದಲ್ಲಿ ಬೇರೆ ದಾರಿ ಮಾಡಿ, ಅದಕ್ಕೆ ಆದ್ಯತೆ ಕೊಟ್ಟ ಮೇಲೆ ಸರಿಹೋಯಿತು. ಇದನ್ನು ಮಾಡಿಕೊಡುತ್ತೀರಾ ಎಂದು ಒಪ್ಪಂದಕ್ಕೆ ಮೊದಲೇ ಕೇಳಬೇಕು.

ಇನ್ನೊಂದು ನನ್ನನ್ನು ನಿಜಕ್ಕೂ ಹೆದರಿಸಿತು. ಇಂಟರ್ನೆಟ್ ಫೋನಿನಿಂದ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿದಾಗ ಆಂಬ್ಯುಲೆನ್ಸಿನವರಿಗೆ ಕಾಣುವುದು ಆ ಸಂಖ್ಯೆಗೆ ನೋಂದಾಯಿಸಿದ ವಿಳಾಸ. ನಮ್ಮ ಶಾಲೆ ಹಲವು ಶಾಲೆಗಳ ಒಂದು ಒಕ್ಕೂಟಕ್ಕೆ ಸೇರಿದೆ. ದಾಖಲೆ ತರಿಸಿ ನೋಡಿದರೆ ನಮ್ಮ ಎಲ್ಲ ಸಂಖ್ಯೆಗಳಿಗೂ ಒಕ್ಕೂಟದ ಮುಖ್ಯ ಕಚೇರಿಯ ವಿಳಾಸವಿತ್ತು, ಅದು ಇನ್ನೊಂದು ಪಟ್ಟಣದಲ್ಲಿದೆ. ಉಸಿರು ಸಿಕ್ಕಿಕೊಂಡ ಮಗುವಿನ ಪಕ್ಕದಲ್ಲಿ ಕುಳಿತ ಶಿಕ್ಷಕಿ ವಿಳಾಸ ಹೇಳುವ ಮೊದಲೇ ಕರೆ ಕಡಿದರೆ ಏನು ಗತಿ? ಬರವಣಿಗೆಯಲ್ಲಿ ತಿದ್ದಿಸಿಕೊಂಡೆ, ಸಂಖ್ಯೆಯೊಂದೊಂದನ್ನೂ ಮತ್ತೆ ಪರಿಶೀಲಿಸಿದೆ.

ಕ್ಲೌಡ್ ಸೋತದ್ದು ಆಟದ ಮೈದಾನದ ಅಂಚಿನಲ್ಲಿ. ಅಲ್ಲಿ ಒಂದು ಮರದ ತರಗತಿ ಇದೆ. ಮುಖ್ಯ ಕಟ್ಟಡದಿಂದ ಅಲ್ಲಿಗೆ ಹೋಗುವುದು ಒಂದು ಜೋಡಿ ಫೋನ್ ತಂತಿ ಮಾತ್ರ. ಕಂಪ್ಯೂಟರ್ ಜಾಲದ ತಾಮ್ರದ ಕೇಬಲ್ಲಿಗೆ 100 ಮೀಟರಿನ ಮಿತಿ, ಆ ತರಗತಿ ಅದರಾಚೆ ಇದೆ. ಫೈಬರ್ ಎಳೆಯಲು ಮೈದಾನ ಅಗೆಯಬೇಕು. ಆಗ ನೆನಪಾದದ್ದು, ನಿಲ್ಲುವುದು ಹೊರಗಿನ ಸೇವೆ, ಶಾಲೆಯೊಳಗಿನ ತಂತಿ ಶಾಲೆಯದೇ. ಮುಖ್ಯ ಕಟ್ಟಡದಲ್ಲಿ ಒಂದು ಅಡಾಪ್ಟರ್ ಇಟ್ಟು ಅದೇ ಜೋಡಿ ತಂತಿಗೆ ಜೋಡಿಸಿದೆ. ಅಲ್ಲಿನ ಹಳೆಯ ಫೋನ್ ಈಗ ಕ್ಲೌಡಿನ ಒಳಸಂಖ್ಯೆಯಾಗಿ ರಿಂಗಾಗುತ್ತದೆ. ಆ ತರಗತಿಗೆ ಅಡಾಪ್ಟರ್ ದಾರಿಯೇ ಸರಿ.

ನಂತರ ಶನಿವಾರದ ಪರೀಕ್ಷೆ. ಮಕ್ಕಳಿಲ್ಲದ ಕಟ್ಟಡದಲ್ಲಿ ಮುಖ್ಯ ಸ್ವಿಚ್ಚನ್ನು ಕೆಳಗೆಳೆದು, ಗಡಿಯಾರ ಹಿಡಿದು ನಿಂತೆವು. ಕ್ಲೌಡ್ ಫೋನುಗಳು ತಕ್ಷಣ ಸತ್ತವು. ಜಾಲದ ತಂತಿಯಲ್ಲೇ ಫೋನುಗಳಿಗೆ ವಿದ್ಯುತ್ ಕೊಡುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆ ಯುಪಿಎಸ್‌ನಲ್ಲಿತ್ತು, ರೂಟರೂ ಇತ್ತು, ಆದರೆ ಗೋಡೆಯ ಮೇಲಿನ ಪುಟ್ಟ ಫೈಬರ್ ಪೆಟ್ಟಿಗೆ ಸಾಮಾನ್ಯ ಪ್ಲಗ್ಗಿನಲ್ಲಿತ್ತು. ಮೂರರಲ್ಲಿ ಒಂದು ಬಿಟ್ಟರೂ ಮೂರೂ ವ್ಯರ್ಥ. ಅದನ್ನೂ ಸೇರಿಸಿ ಮರುವಾರ ನೋಡಿದಾಗ ಒಂದು ಗಂಟೆಗಿಂತ ಹೆಚ್ಚು ನಿಂತಿತು. ಅಡಾಪ್ಟರ್ ದಾರಿಯಲ್ಲಿ ಹಳೆಯ ಎಕ್ಸ್‌ಚೇಂಜ್ ಕೂಡ ಯುಪಿಎಸ್ ಬೇಡುವುದರಿಂದ ಆ ಅಗ್ಗದ ಬೆಲೆ ಮೇಲೇರುತ್ತದೆ. 4ಜಿ ಪೆಟ್ಟಿಗೆಯ ಒಳಗೇ ಬ್ಯಾಟರಿ ಇದೆ. ಅದಕ್ಕೆ ಕರೆಂಟು ಹೋದದ್ದೇ ತಿಳಿಯಲಿಲ್ಲ.

ಆದ್ದರಿಂದಲೇ ಲಿಫ್ಟಿನ ವಿಷಯದಲ್ಲಿ ನನ್ನ ತೀರ್ಮಾನ ಸ್ಪಷ್ಟ. ನಮ್ಮಲ್ಲಿ ಲಿಫ್ಟನ್ನು ಹೆಚ್ಚಾಗಿ ಬಳಸುವುದು ಗಾಲಿಕುರ್ಚಿಯ ಮಗು. ಲಿಫ್ಟಿನ ತುರ್ತು ಫೋನಿಗೆ ಇಎನ್ 81-28 ಎಂಬ ಮಾನದಂಡವಿದೆ. ವಿದ್ಯುತ್ ಹೋದರೂ ಅದು ಒಂದು ಗಂಟೆ ಕೆಲಸ ಮಾಡಬೇಕು, ಮೂರು ದಿನಕ್ಕೊಮ್ಮೆಯಾದರೂ ತಾನಾಗಿಯೇ ಪರೀಕ್ಷಾ ಕರೆ ಮಾಡಬೇಕು. ಅಡಾಪ್ಟರಿನ ಮೂಲಕ ನೋಡಿದಾಗ ಕೆಲವು ಪರೀಕ್ಷಾ ಕರೆಗಳು ತಲುಪಲೇ ಇಲ್ಲ. ಇಂಥ ಯಂತ್ರಗಳು ಪರಸ್ಪರ ಗುರುತು ಹೇಳಿಕೊಳ್ಳುವುದು ಸ್ವರಗಳಲ್ಲಿ. ಧ್ವನಿಯನ್ನು ಹಿಂಡಿ ಕಳಿಸಿದರೆ, ಇಲ್ಲವೇ ನಡುವೆ ಒಂದು ತುಣುಕು ಕಳೆದುಹೋದರೆ ಆ ಸ್ವರ ಕೆಡುತ್ತದೆ. ಕಿವಿಗೆ ತಿಳಿಯದ ಲೋಪ ಯಂತ್ರಕ್ಕೆ ಸಾಕು. ಅಲಾರಮ್ಮಿನಲ್ಲಿ ತಾನಾಗಿಯೇ ಕರೆ ಮಾಡುವ ಹಳೆಯ ಡಯಲರ್ ಕೂಡ ಹೀಗೆಯೇ ತಡವರಿಸಿತು. ಅಡಾಪ್ಟರ್ ಇದಕ್ಕೂ ಸಾಕು ಎಂದ ಮಾರಾಟಗಾರನ ಮಾತನ್ನು ಒಪ್ಪಿ ಸುಮ್ಮನಿರಲು ನನ್ನಿಂದಾಗಲಿಲ್ಲ.

4ಜಿಯಲ್ಲಿ ಪರೀಕ್ಷಾ ಕರೆಗಳೆಲ್ಲ ತಲುಪಿದವು, ಆಂಟೆನಾವನ್ನು ಚಾವಣಿಗೆ ಏರಿಸಿದ ಮೇಲೆ. ಲಿಫ್ಟ್ ಇಳಿಯುವ ಕುಳಿಯ ತಳದಲ್ಲಿ ಸಿಗ್ನಲ್ ಇರಲಿಲ್ಲ. ಸಿಮ್ ಒಂದೇ ಕಂಪನಿಗೆ ಕಟ್ಟುಬೀಳದೆ ಯಾವ ಜಾಲ ಸಿಕ್ಕಿದರೂ ಹಿಡಿಯುವಂಥದಿರಲಿ. 2ಜಿಯ ಅಗ್ಗದ ಪೆಟ್ಟಿಗೆಯನ್ನು ಕೊಳ್ಳಬೇಡಿ, ಬ್ರಿಟನ್ನಿನಲ್ಲಿ 2033ರೊಳಗೆ ಅದೂ ನಿಲ್ಲುತ್ತದೆ. ಬೆಂಕಿಯ ಅಲಾರಮ್ಮಿಗೆ ಬ್ರಾಡ್‌ಬ್ಯಾಂಡ್ ಮತ್ತು 4ಜಿ ಎರಡೂ ದಾರಿ ಇರುವ ಸಾಧನವನ್ನು ಹಾಕಿಸಿದೆವು, ಕಳ್ಳರ ಅಲಾರಮ್ಮನ್ನೂ ಅದಕ್ಕೇ ಸೇರಿಸಿದೆವು. ಕಚೇರಿಯ ಫೋನಾಗಿ 4ಜಿಯನ್ನು ನಾನು ಒಪ್ಪುವುದಿಲ್ಲ. ಬೆಳಗಿನ ಆ ಅರ್ಧ ಗಂಟೆಯ ಕರೆಗಳ ಮಳೆಗೆ ಅದು ಸಾಲದು. ಫ್ಯಾಕ್ಸ್ ಲೈನನ್ನು ನಿಲ್ಲಿಸಿದೆವು, ಯಾರೂ ಕೇಳಲಿಲ್ಲ. ಬಾಯ್ಲರ್ ಕೋಣೆಯ ಲೈನ್ ಹಿಂದೆಂದೋ ಬದಲಾದ ತಾಪನ ನಿಯಂತ್ರಕದ್ದು, ಅದನ್ನೂ ನಿಲ್ಲಿಸಿದೆವು.

ಶಾಲೆಯ ಸಂಖ್ಯೆಯನ್ನು ಹೊಸ ಸೇವೆಗೆ ವರ್ಗಾಯಿಸುವ ಮೊದಲು ಹಳೆಯ ಲೈನನ್ನು ರದ್ದು ಮಾಡಬಾರದು, ಮಾಡಿದರೆ ಪೋಷಕರಿಗೆಲ್ಲ ಬಾಯಿಪಾಠವಾದ ಸಂಖ್ಯೆ ಕೈತಪ್ಪಬಹುದು. ನಮ್ಮ ನಾಲ್ಕೂ ಮಾತಿನ ಲೈನುಗಳು ಅರ್ಧವಾರ್ಷಿಕ ರಜೆಯಲ್ಲಿ ದಾಟಿದವು. ಲಿಫ್ಟಿನ ಹಳೆಯ ಲೈನಿಗೆ ಮಾತ್ರ ಇನ್ನೂ ಬಾಡಿಗೆ ಕಟ್ಟುತ್ತಿದ್ದೇವೆ. 4ಜಿ ಪೆಟ್ಟಿಗೆಯ ಪರೀಕ್ಷಾ ಕರೆಗಳು ಒಂದು ಚಳಿಗಾಲವಿಡೀ ತಪ್ಪದೆ ತಲುಪಿದ ದಾಖಲೆ ಕೈಗೆ ಬರುವವರೆಗೆ ಅದನ್ನು ನಿಲ್ಲಿಸುವ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ.