ಅಂಕಪಟ್ಟಿ ನಂಬಿ ಬಿಐ ಸಾಫ್ಟ್‌ವೇರ್ ಕೊಳ್ಳಬೇಡಿ: ತಿಂಗಳ ಕೊನೆಯಲ್ಲಿ ಕೈಕೊಟ್ಟ ಒಂದು ಆಯ್ಕೆ

ಸಂಸ್ಥೆಯ ಎಲ್ಲ ವರದಿಗಳಿಗೂ ಒಂದೇ ಬಿಐ (ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ವ್ಯವಹಾರದ ಡೇಟಾದಿಂದ ವರದಿ, ಚಾರ್ಟ್ ಕಟ್ಟುವ) ಪ್ಲಾಟ್‌ಫಾರ್ಮ್ ಆರಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಲ್ಲಿ ಹೇಳುವ ಆಯ್ಕೆ ಕೆಟ್ಟದ್ದು ಉದಾಸೀನದಿಂದಲ್ಲ. ಒಂದು ಸಂಸ್ಥೆಯವರು ಮೂರು ಕಂಪನಿಗಳ ಡೆಮೊ ನೋಡಿದ್ದರು, ಸೌಲಭ್ಯಗಳ ಉದ್ದನೆಯ ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಹಾಕಿದ್ದರು, ಹೆಚ್ಚು ಅಂಕ ಬಂದದ್ದನ್ನೇ ಕೊಂಡರು. ಮೊದಲ ಸಲ ತಿಂಗಳ ಲೆಕ್ಕ ಮುಗಿಸುವ ದಿನ ಮೂರು ತೊಂದರೆಗಳು ಒಟ್ಟಿಗೆ ಎದ್ದವು. ಡ್ಯಾಶ್‌ಬೋರ್ಡಿನ ಮೊತ್ತ ಲೆಡ್ಜರಿಗೆ ತಾಳೆಯಾಗಲಿಲ್ಲ. ಬೆಳಗಿನ ರಿಫ್ರೆಶ್ (ಮೂಲದಿಂದ ಹೊಸ ಡೇಟಾ ತರುವ ಕೆಲಸ) ಅರ್ಧದಲ್ಲೇ ನಿಂತಿತು. ಒಬ್ಬ ಶಾಖಾ ವ್ಯವಸ್ಥಾಪಕರಿಗೆ ಉಳಿದೆಲ್ಲ ಶಾಖೆಗಳ ಸಂಬಳದ ವಿವರ ತೆರೆದುಕೊಂಡಿತು. ಅಂಕಪಟ್ಟಿಯಲ್ಲಿ ಈ ಮೂರರ ಎದುರಿಗೂ ‘ಇದೆ’ ಎಂದೇ ಬರೆದಿತ್ತು.

ತಪ್ಪಿನ ಬೇರು ಆ ‘ಇದೆ’ಯಲ್ಲೇ ಇದೆ. ಸಾಲುಮಟ್ಟದ ಭದ್ರತೆ (ಯಾರಿಗೆ ಯಾವ ಸಾಲುಗಳು ಕಾಣಬೇಕೆಂಬ ನಿಯಮ), ನಿಗದಿತ ರಿಫ್ರೆಶ್, ಎಕ್ಸೆಲ್‌ಗೆ ಇಳಿಸುವ ಸೌಲಭ್ಯ, ಮೊಬೈಲ್ ಆ್ಯಪ್ ಎಲ್ಲವೂ ಎಲ್ಲ ದೊಡ್ಡ ಪ್ಲಾಟ್‌ಫಾರ್ಮ್‌ಗಳಲ್ಲೂ ಇವೆ. ಎಷ್ಟು ಸಾಲುಗಳವರೆಗೆ, ಯಾವ ಲೈಸೆನ್ಸಿನಲ್ಲಿ, ಯಾರಿಗೆ, ಕೆಟ್ಟಾಗ ಏನಾಗುತ್ತದೆ ಎಂದು ಕೇಳಿದಾಗಲೇ ವ್ಯತ್ಯಾಸ ಕಾಣುವುದು. ಮುಂದೆ ಹೇಳುವ ಮಿತಿಗಳು ಆಯಾ ಉತ್ಪನ್ನದ ದಾಖಲೆಗಳಲ್ಲೇ ಇರುವಂಥವು. ಅವು ಆಗಾಗ ಬದಲಾಗುತ್ತವೆ, ಆದ್ದರಿಂದ ಸಹಿ ಹಾಕುವ ವಾರ ಮತ್ತೊಮ್ಮೆ ತೆರೆದು ನೋಡಿ.

ಮೊದಲು ಮೊತ್ತದ ವಿಷಯ, ಏಕೆಂದರೆ ನಂಬಿಕೆ ಮುರಿಯುವುದು ಅಲ್ಲೇ. ಡೆಮೊದ ಡೇಟಾ ತೊಳೆದಿಟ್ಟ ಪಾತ್ರೆಯಂತಿರುತ್ತದೆ: ನಡುವೆ ಮಾರಾಟದ ಒಂದೇ ಟೇಬಲ್, ಸುತ್ತ ಗ್ರಾಹಕ, ದಿನಾಂಕ, ಸರಕು. ನಿಜವಾದ ಡೇಟಾಬೇಸಿನಲ್ಲಿ ಆರ್ಡರಿನ ತಲೆಬರಹ ಒಂದು ಟೇಬಲ್, ಅದರ ಸರಕುಗಳ ಸಾಲುಗಳು ಇನ್ನೊಂದು ಟೇಬಲ್. ಒಂದು ಆರ್ಡರಿಗೆ ಸಾಗಣೆ ವೆಚ್ಚ 500, ಅದರಲ್ಲಿ ಮೂರು ಸರಕು ಎಂದಿಟ್ಟುಕೊಳ್ಳಿ. ಎರಡೂ ಟೇಬಲ್‌ಗಳನ್ನು ಸೀದಾ ಜಾಯಿನ್ ಮಾಡಿದರೆ (ಸಾಲಿಗೆ ಸಾಲು ಜೋಡಿಸಿದರೆ) 500 ಮೂರು ಸಾಲುಗಳಲ್ಲೂ ಕೂತು ಮೊತ್ತ 1,500 ಆಗುತ್ತದೆ. ಸಂಖ್ಯೆ ನೋಡಲು ಸಹಜವಾಗಿಯೇ ಇರುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಇದನ್ನು ಟ್ಯಾಬ್ಲೋ, ಲುಕರ್, ಕ್ಲಿಕ್, ಪವರ್ ಬಿಐ ಎಂಬ ಪ್ಲಾಟ್‌ಫಾರ್ಮ್‌ಗಳು ಒಂದೊಂದು ರೀತಿ ನಿಭಾಯಿಸುತ್ತವೆ. ಟ್ಯಾಬ್ಲೋದಲ್ಲಿ 2020.2 ಆವೃತ್ತಿಯಿಂದ ‘ರಿಲೇಶನ್‌ಶಿಪ್’ ಇದೆ. ಟೇಬಲ್‌ಗಳನ್ನು ಅದರಲ್ಲಿ ಜೋಡಿಸಿದರೆ ಮೊತ್ತ ಹಿಗ್ಗುವುದಿಲ್ಲ, ಹಳೆಯ ಜಾಯಿನ್‌ನಲ್ಲಿ ಜೋಡಿಸಿದರೆ ಹಿಗ್ಗುತ್ತದೆ. ಲುಕರ್ ಒಂದೊಂದು ಸಾಲನ್ನು ಒಮ್ಮೆಯಷ್ಟೇ ಎಣಿಸುವ ‘ಸಿಮೆಟ್ರಿಕ್ ಅಗ್ರಿಗೇಟ್’ ಎಂಬ ವಿಧಾನದಿಂದ ತಪ್ಪಿಸುತ್ತದೆ, ಆದರೆ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಯಾವುದು, ಒಂದು ಟೇಬಲ್ಲಿನ ಒಂದು ಸಾಲಿಗೆ ಇನ್ನೊಂದರ ಎಷ್ಟು ಸಾಲು ಎಂಬುದನ್ನು ಅದರದೇ ಭಾಷೆಯಾದ ಲುಕ್‌ಎಂಎಲ್‌ನಲ್ಲಿ ಸರಿಯಾಗಿ ಬರೆದಿರಬೇಕು. ಕ್ಲಿಕ್ ಒಂದೇ ಹೆಸರಿನ ಕಾಲಂಗಳನ್ನು ತಾನೇ ಜೋಡಿಸಿಬಿಡುತ್ತದೆ. ಎರಡು ಟೇಬಲ್‌ಗಳಲ್ಲಿ ‘ದಿನಾಂಕ’ ಮತ್ತು ‘ಶಾಖೆ’ ಎರಡೂ ಇದ್ದರೆ ಎರಡನ್ನೂ ಸೇರಿಸಿದ ಸಿಂಥೆಟಿಕ್ ಕೀ ಹುಟ್ಟುತ್ತದೆ. ಎಲ್ಲ ಸಲವೂ ಅದು ತಪ್ಪಲ್ಲ, ಆದರೆ ಬೇಡದೆ ಹುಟ್ಟಿದ್ದಾದರೆ ಮಾಡೆಲ್ (ಜೋಡಿಸಿಟ್ಟ ಟೇಬಲ್‌ಗಳ ಕಟ್ಟು) ಸರಿಯಿಲ್ಲ ಎಂದು ತಿಳಿಯಬೇಕು. ಪವರ್ ಬಿಐನಲ್ಲಿ ಟೇಬಲ್‌ಗಳ ನಡುವೆ ಎರಡೂ ದಿಕ್ಕಿಗೆ ಹರಿಯುವ ಫಿಲ್ಟರನ್ನು ‘ಸದ್ಯಕ್ಕೆ ಇರಲಿ’ ಎಂದು ಹಚ್ಚುವುದೇ ಹೆಚ್ಚಿನ ಗೋಜಲಿಗೆ ಕಾರಣ. ಹಾಗೆ ಹಚ್ಚಿದ ಫಿಲ್ಟರ್ ಯಾವ ದಾರಿಯಲ್ಲಿ ಹೋಗಿ ಯಾವ ಟೇಬಲ್ಲನ್ನು ಸೋಸುತ್ತಿದೆ ಎಂಬುದು ಕಟ್ಟಿದವರಿಗೇ ತಿಳಿಯದಂತಾಗುತ್ತದೆ.

ತಾಳೆಯಾಗದ ಇನ್ನೊಂದು ಸಂಖ್ಯೆ ನಿಜಕ್ಕೂ ತಪ್ಪಲ್ಲ, ಆದರೂ ಜಗಳಕ್ಕೆ ಕಾರಣವಾಗುತ್ತದೆ. ಒಂದು ಶಾಖೆಯಲ್ಲಿ 120 ಗ್ರಾಹಕರು, ಇನ್ನೊಂದರಲ್ಲಿ 90, ಕೆಳಗೆ ಒಟ್ಟು 180. ಮೂವತ್ತು ಜನ ಎರಡೂ ಕಡೆ ಕೊಂಡಿದ್ದಾರೆ, ಅಷ್ಟೇ. ವಿಶಿಷ್ಟ ಎಣಿಕೆಯ (ಒಬ್ಬರನ್ನು ಒಮ್ಮೆಯಷ್ಟೇ ಎಣಿಸುವುದರ) ಒಟ್ಟು ಮೊತ್ತವನ್ನು ಸಾಫ್ಟ್‌ವೇರ್ ಮೇಲಿನ ಸಾಲುಗಳನ್ನು ಕೂಡಿಸಿ ತೆಗೆಯುವುದಿಲ್ಲ, ಇಡೀ ಡೇಟಾದ ಮೇಲೆ ಹೊಸದಾಗಿ ಎಣಿಸುತ್ತದೆ. ಲೆಕ್ಕಪತ್ರ ವಿಭಾಗದವರಿಗೆ ಇದನ್ನು ಮೊದಲೇ ತೋರಿಸಿ, ಯಾವ ಒಟ್ಟು ಬೇಕು ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ. ದಿನಾಂಕದ ಬಲೆಯೂ ಹೀಗೆಯೇ. ಪವರ್ ಬಿಐನ ಕ್ಲೌಡ್ ಸೇವೆಯಲ್ಲಿ ‘ಟುಡೇ’ ಫಂಕ್ಷನ್ ಯುಟಿಸಿ (ಜಾಗತಿಕ ಪ್ರಮಾಣ ಸಮಯದ) ದಿನಾಂಕವನ್ನು ಕೊಡುತ್ತದೆ. ಯುಟಿಸಿಗಿಂತ ಗಂಟೆಗಟ್ಟಲೆ ಮುಂದಿರುವ ಊರುಗಳಲ್ಲಿ ನಸುಕಿನಲ್ಲಿ ತೆರೆದರೆ ‘ಇಂದಿನ ಮಾರಾಟ’ ಎಂಬ ತಲೆಬರಹದಡಿ ನಿನ್ನೆಯದು ಕೂತಿರುತ್ತದೆ. ಕಟ್ಟುವವರ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುವುದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಸಂಬಳದ ವಿವರ ಸೋರಿದ್ದು ಹೇಗೆ? ಸಾಲುಮಟ್ಟದ ನಿಯಮವನ್ನು ಸರಿಯಾಗಿಯೇ ಬರೆದಿದ್ದರು. ಆದರೆ ಆ ವ್ಯವಸ್ಥಾಪಕರು ಒಂದು ಚಾರ್ಟ್ ತಿದ್ದಬೇಕಿತ್ತು, ಅದಕ್ಕೆಂದು ಅವರಿಗೆ ತಿದ್ದುವ ಹಕ್ಕು ಕೊಟ್ಟರು, ಆ ಹಕ್ಕಿನ ಜೊತೆಗೇ ಎಲ್ಲ ಸಾಲುಗಳೂ ಬಂದವು. ಈ ಬಗೆಯ ಸಂದು ಎಲ್ಲ ಪ್ಲಾಟ್‌ಫಾರ್ಮ್‌ಗಳಲ್ಲೂ ಯಾವುದಾದರೊಂದು ಮೂಲೆಯಲ್ಲಿ ಇದೆ. ಪವರ್ ಬಿಐ ವರ್ಕ್‌ಸ್ಪೇಸಿನಲ್ಲಿ ಸಾಲುಮಟ್ಟದ ಭದ್ರತೆ ಅನ್ವಯಿಸುವುದು ‘ವ್ಯೂವರ್’ ಪಾತ್ರದವರಿಗೆ ಮಾತ್ರ. ಅಡ್ಮಿನ್, ಮೆಂಬರ್, ಕಾಂಟ್ರಿಬ್ಯೂಟರ್ ಮೂವರಿಗೂ ಪೂರ್ತಿ ಡೇಟಾ ಕಾಣುತ್ತದೆ. ಟ್ಯಾಬ್ಲೋದಲ್ಲಿ ಬಳಕೆದಾರ ಫಿಲ್ಟರನ್ನು ವರ್ಕ್‌ಬುಕ್ಕಿನೊಳಗೆ ಇಟ್ಟರೆ, ಅದನ್ನು ತಿದ್ದುವ ಅಥವಾ ಡೌನ್‌ಲೋಡ್ ಮಾಡುವ ಹಕ್ಕಿರುವವರು ಆ ಫಿಲ್ಟರನ್ನೇ ಕಿತ್ತುಹಾಕಬಹುದು. ಅದು ಪ್ರಕಟಿತ ಡೇಟಾ ಸೋರ್ಸಿನಲ್ಲಿ ಅಥವಾ ಡೇಟಾಬೇಸಿನಲ್ಲೇ ಇರಬೇಕು. ಲುಕರ್‌ನಲ್ಲಿ ಆ್ಯಕ್ಸೆಸ್ ಫಿಲ್ಟರ್ ಎಷ್ಟೇ ಗಟ್ಟಿಯಿದ್ದರೂ ಎಸ್‌ಕ್ಯೂಎಲ್ ರನ್ನರ್ ಹಕ್ಕಿರುವವರು ನೇರವಾಗಿ ಟೇಬಲ್ಲನ್ನೇ ಕೇಳಬಲ್ಲರು. ಕ್ಲಿಕ್‌ನ ‘ಸೆಕ್ಷನ್ ಆ್ಯಕ್ಸೆಸ್’ನಲ್ಲಿ ಅಪಾಯ ಉಲ್ಟಾ: ಬರೆಯುವುದರಲ್ಲಿ ತಪ್ಪಿದರೆ ಬರೆದವರಿಗೇ ಆ್ಯಪ್ ತೆರೆಯುವುದಿಲ್ಲ. ಅದನ್ನು ಮುಟ್ಟುವ ಮುನ್ನ ಆ್ಯಪಿನ ಒಂದು ಪ್ರತಿ ತೆಗೆದಿಡಿ. ಅಲ್ಲಿ ಹೊಂದಿಸುವ ಕಾಲಂ ಹೆಸರು, ಮೌಲ್ಯಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯಬೇಕು.

ಆದ್ದರಿಂದ ಭದ್ರತೆಯ ಪರೀಕ್ಷೆಯನ್ನು ಅಡ್ಮಿನ್ ಖಾತೆಯ ‘ಇವರಂತೆ ನೋಡು’ ಗುಂಡಿಯಲ್ಲಿ ಮುಗಿಸಬೇಡಿ. ನಾಲ್ಕು ನಿಜವಾದ ಖಾತೆ ಮಾಡಿಸಿ: ನೋಡುವವರು, ತಿದ್ದುವವರು, ಎರಡು ಶಾಖೆಗಳ ಹೊಣೆ ಇರುವವರು, ಯಾವ ಶಾಖೆಗೂ ಸೇರದವರು. ಕೊನೆಯವರಿಗೆ ಏನೂ ಕಾಣಬಾರದು. ಕೆಲವು ನಿಯಮಗಳಲ್ಲಿ ‘ಶಾಖೆ ಖಾಲಿ’ ಎಂದರೆ ‘ಎಲ್ಲವೂ’ ಎಂದಾಗಿಬಿಡುತ್ತದೆ. ನಾಲ್ವರೂ ಎಕ್ಸೆಲ್‌ಗೆ ಇಳಿಸಿ ನೋಡಲಿ, ಇ-ಮೇಲ್ ಚಂದಾದಲ್ಲಿ ಏನು ಬರುತ್ತದೆ ಎಂದೂ ನೋಡಲಿ. ಪವರ್ ಬಿಐನ ‘ಪಬ್ಲಿಷ್ ಟು ವೆಬ್’ ಕೊಂಡಿ ಸಿಕ್ಕ ಯಾರು ಬೇಕಾದರೂ ಲಾಗಿನ್ ಇಲ್ಲದೆ ವರದಿ ನೋಡಬಹುದು, ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಪ್ರಕಟಿಸಿದ್ದು ಹೆಸರೇ ಹೇಳುವಂತೆ ಸಾರ್ವಜನಿಕ. ಮೊದಲನೆಯದನ್ನು ಅಡ್ಮಿನ್ ಸೆಟ್ಟಿಂಗಿನಲ್ಲಿ ಮೊದಲ ದಿನವೇ ಮುಚ್ಚಿಸಿ.

ರಿಫ್ರೆಶ್ ನಿಂತದ್ದಕ್ಕೆ ಕಾರಣ ಗಾತ್ರ. ಪರೀಕ್ಷೆಗೆ ಮೂರು ತಿಂಗಳ ಡೇಟಾ ಕೊಟ್ಟಿದ್ದರು, ಓಡಿಸಿದ್ದು ಏಳು ವರ್ಷದ್ದನ್ನು. ಪವರ್ ಬಿಐ ಪ್ರೊ ಲೈಸೆನ್ಸಿನಲ್ಲಿ ಒಂದು ಮಾಡೆಲ್ಲಿಗೆ 1 ಜಿಬಿ ಮಿತಿ, ದಿನಕ್ಕೆ 8 ನಿಗದಿತ ರಿಫ್ರೆಶ್, ಒಂದೊಂದಕ್ಕೆ 2 ಗಂಟೆ. ಪ್ರೀಮಿಯಂನಲ್ಲಿ ರಿಫ್ರೆಶ್ 48, ಅವಧಿ 5 ಗಂಟೆ. ಪೂರ್ತಿ ರಿಫ್ರೆಶ್ ನಡೆಯುವಾಗ ಹಳೆಯ ಪ್ರತಿ ಮೆಮೊರಿಯಲ್ಲಿ ಇರುವಂತೆಯೇ ಹೊಸದು ತಯಾರಾಗುತ್ತದೆ, ಅಂದರೆ ಮಾಡೆಲ್ಲಿನ ಹೆಚ್ಚುಕಡಿಮೆ ಎರಡರಷ್ಟು ಜಾಗ ಬೇಕು. ‘ನಮ್ಮ ಮಾಡೆಲ್ ಮಿತಿಯೊಳಗೇ ಇದೆ, ಆದರೂ ಮೆಮೊರಿ ಸಾಲದು ಅನ್ನುತ್ತದೆ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಸತತ ನಾಲ್ಕು ಸಲ ಸೋತರೆ ನಿಗದಿತ ರಿಫ್ರೆಶ್ ತಾನಾಗಿಯೇ ನಿಂತುಹೋಗುತ್ತದೆ. ಎಚ್ಚರಿಕೆಯ ಇ-ಮೇಲ್ ಮಾಡೆಲ್ಲಿನ ಒಡೆಯರಿಗೆ ಹೋಗುತ್ತದೆ. ಆ ಒಡೆಯರು ಕೆಲಸ ಬಿಟ್ಟಿದ್ದರೆ ಓದುವವರೇ ಇಲ್ಲ, ಅವರ ಪಾಸ್‌ವರ್ಡ್ ಮೇಲೆ ನಡೆಯುತ್ತಿದ್ದ ಸಂಪರ್ಕವೂ ಇಲ್ಲ. ವ್ಯಕ್ತಿಯ ಖಾತೆಯ ಬದಲು ಸರ್ವಿಸ್ ಖಾತೆ ಬಳಸಿ, ಎಚ್ಚರಿಕೆಯನ್ನು ತಂಡದ ವಿಳಾಸಕ್ಕೂ ಹೊರಳಿಸಿ. ಸಂಸ್ಥೆಯೊಳಗಿನ ಡೇಟಾಬೇಸಿಗೆ ಗೇಟ್‌ವೇ (ಅದನ್ನು ಕ್ಲೌಡ್ ಸೇವೆಗೆ ಜೋಡಿಸುವ ತಂತ್ರಾಂಶ) ಬೇಕಾದರೆ ಅದನ್ನು ಯಾರದೋ ಲ್ಯಾಪ್‌ಟಾಪಿನಲ್ಲಿ ಹಾಕಬೇಡಿ. ಸದಾ ಓಡುವ ಎರಡು ಸರ್ವರ್‌ಗಳ ಕ್ಲಸ್ಟರ್ ಇರಲಿ, ಒಂದನ್ನು ಬೇಕೆಂದೇ ನಿಲ್ಲಿಸಿ ಇನ್ನೊಂದು ಎತ್ತಿಕೊಳ್ಳುತ್ತದೆಯೇ ನೋಡಿ.

ಗಾತ್ರ ತಗ್ಗಿಸಲು ದೊಡ್ಡ ಯಂತ್ರ ಕೊಳ್ಳುವ ಮೊದಲು ಕಾಲಂಗಳನ್ನು ನೋಡಿ. ಕಾಲಂವಾರು ಕುಗ್ಗಿಸುವ ಎಂಜಿನ್ನುಗಳಿಗೆ ಒಂದರಂತೆ ಒಂದಿಲ್ಲದ ಮೌಲ್ಯಗಳೇ ಭಾರ. ಸೆಕೆಂಡಿನವರೆಗೆ ಸಮಯ ಇರುವ ಕಾಲಂ, ವ್ಯವಹಾರ ಸಂಖ್ಯೆ, ಟಿಪ್ಪಣಿಯ ಪಠ್ಯ ಇವು ಜಾಗ ತಿನ್ನುತ್ತವೆ. ದಿನಾಂಕ, ಸಮಯವನ್ನು ಎರಡು ಕಾಲಂ ಮಾಡಿ. ವರದಿಗೆ ಬೇಡದ ಟಿಪ್ಪಣಿಯನ್ನು ತರಲೇಬೇಡಿ. ಅನಂತರ ಹಳೆಯ ತಿಂಗಳುಗಳನ್ನು ಮುಟ್ಟದೆ ಹೊಸದನ್ನಷ್ಟೇ ತರುವ ಇನ್‌ಕ್ರಿಮೆಂಟಲ್ ರಿಫ್ರೆಶ್. ಆದರೆ ಹಳೆಯ ತಿಂಗಳಿಗೆ ತಿದ್ದುಪಡಿ ನಮೂದು ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಅದು ವರದಿಗೆ ಬರುವುದೇ ಇಲ್ಲ. ಎಷ್ಟು ತಿಂಗಳು ಹಿಂದಕ್ಕೆ ತಿದ್ದುತ್ತೀರಿ ಎಂದು ಲೆಕ್ಕಪತ್ರದವರನ್ನು ಕೇಳಿಯೇ ಅವಧಿ ಗೊತ್ತುಮಾಡಿ.

‘ರಿಫ್ರೆಶ್ಶೇ ಬೇಡ, ನೇರವಾಗಿ ಡೇಟಾಬೇಸಿನಿಂದ ಓದೋಣ’ ಎಂಬ ಮಾತು ಡೆಮೊದಲ್ಲಿ ಬಂದೇ ಬರುತ್ತದೆ. ಗುಣಾಕಾರ ಮಾಡಿ ನೋಡಿ: ಪುಟದಲ್ಲಿ 12 ಚಾರ್ಟ್, ಬೆಳಿಗ್ಗೆ ಒಟ್ಟಿಗೆ ತೆರೆಯುವವರು 50 ಜನ, ಚಾರ್ಟಿಗೊಂದು ಕ್ವೆರಿಯಾದರೂ (ಡೇಟಾಬೇಸಿಗೆ ಕೇಳುವ ಪ್ರಶ್ನೆ) 600. ಫಿಲ್ಟರ್ ಬದಲಿಸಿದಾಗಲೆಲ್ಲ ಮತ್ತೆ ಅಷ್ಟು. ಇವು ಬಿಲ್ಲಿಂಗ್ ನಡೆಯುವ ಡೇಟಾಬೇಸಿನ ಮೇಲೇ ಬಿದ್ದರೆ ಬಿಲ್ಲಿಂಗ್ ನಿಧಾನವಾಗುತ್ತದೆ. ಓಡಿದಷ್ಟಕ್ಕೆ ಹಣ ಕೀಳುವ ಕ್ಲೌಡ್ ವೇರ್‌ಹೌಸಾದರೆ (ವರದಿಗೆಂದೇ ಡೇಟಾ ಕೂಡಿಡುವ ಡೇಟಾಬೇಸ್) ಆ ಬಿಲ್ಲು ಬಿಐ ಖರ್ಚಿನ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಲುಕರ್ ಸ್ವಭಾವತಃ ನಿಮ್ಮ ಡೇಟಾಬೇಸಿಗೇ ಕ್ವೆರಿ ಕಳಿಸುವಂಥದು, ಹಾಗಾಗಿ ಹೋಲಿಕೆಯಲ್ಲಿ ವೇರ್‌ಹೌಸಿನ ಖರ್ಚನ್ನೂ ಸೇರಿಸಿ.

ಲೈಸೆನ್ಸ್ ಬಗ್ಗೆ ಎರಡೇ ಮಾತು. ಕಟ್ಟುವವರ ಸಂಖ್ಯೆಯಿಂದ ಲೆಕ್ಕ ಶುರುಮಾಡಬೇಡಿ, ವರ್ಷಕ್ಕೊಮ್ಮೆ ನೋಡುವವರಿಂದ ಶುರುಮಾಡಿ. ಪವರ್ ಬಿಐನಲ್ಲಿ ಫ್ಯಾಬ್ರಿಕ್ ಸಾಮರ್ಥ್ಯ (ಸಂಸ್ಥೆ ಕೊಳ್ಳುವ ಕ್ಲೌಡ್ ಗಣಕಶಕ್ತಿಯ ಅಳತೆ) ಎಫ್64ಕ್ಕಿಂತ ಕೆಳಗಿದ್ದರೆ ಸುಮ್ಮನೆ ನೋಡುವವರಿಗೂ ಪ್ರೊ ಬೇಕು. ಟ್ಯಾಬ್ಲೋದ ವ್ಯೂವರ್ ಲೈಸೆನ್ಸಿನವರು ಸಾರಾಂಶದ ಡೇಟಾ ಇಳಿಸಬಲ್ಲರು, ಪೂರ್ತಿ ಡೇಟಾ ಇಳಿಸಲು ಎಕ್ಸ್‌ಪ್ಲೋರರ್ ಬೇಕು. ಲೆಕ್ಕ ಪರಿಶೋಧನೆ ಮಾಡುವವರಿಗೆ ಬೇಕಿರುವುದು ಪೂರ್ತಿ ಡೇಟಾವೇ.

ಇಳಿಸುವ ಮಾತು ಬಂದಾಗ ಮಿತಿಗಳನ್ನೂ ನೋಡಿ. ಎಕ್ಸೆಲ್ ಹಾಳೆಯೇ 10,48,576 ಸಾಲುಗಳಿಗೆ ನಿಲ್ಲುತ್ತದೆ. ಪವರ್ ಬಿಐನ ಸಾಮಾನ್ಯ ಚಾರ್ಟಿನಿಂದ ಎಕ್ಸೆಲ್‌ಗೆ 1,50,000, ಸಿಎಸ್‌ವಿಗೆ 30,000 ಸಾಲು. ಅದಕ್ಕೂ ಹೆಚ್ಚಿನ ಸಾಲುಗಳು ಫೈಲಿನಲ್ಲಿರುವುದಿಲ್ಲ, ಫೈಲನ್ನು ಮುಂದಕ್ಕೆ ಪಡೆದವರಿಗೆ ಅದು ಗೊತ್ತಾಗುವುದೂ ಇಲ್ಲ. ಪುಟ ಸಂಖ್ಯೆ, ಪ್ರತಿ ಪುಟದಲ್ಲೂ ತಲೆಸಾಲು, ಸಹಿಯ ಜಾಗ ಬೇಕಾದ ಮುದ್ರಿತ ವರದಿಗಳು ಡ್ಯಾಶ್‌ಬೋರ್ಡಿನಿಂದ ಹುಟ್ಟುವುದಿಲ್ಲ. ಅದಕ್ಕೆ ಪವರ್ ಬಿಐನಲ್ಲಿ ಪೇಜಿನೇಟೆಡ್ ರಿಪೋರ್ಟ್ ಎಂಬ ಬೇರೆಯದೇ ಉಪಕರಣ ಇದೆ, ಅದನ್ನು ಬಳಸುವ ಕೌಶಲವೂ ಬೇರೆ. ಕಾಗ್ನೋಸ್‌ನಂಥ ಹಳೆಯವು ಈ ಕೆಲಸದಲ್ಲಿ ಈಗಲೂ ಗಟ್ಟಿ. ‘ಹಳೆಯದನ್ನು ಪೂರ್ತಿ ತೆಗೆದುಬಿಡೋಣ’ ಎನ್ನುವ ಮೊದಲು ಅದರಲ್ಲಿ ಇನ್ನೂ ಏನೇನು ಮುದ್ರಣವಾಗುತ್ತಿದೆ ಎಂದು ಲಾಗ್ ತೆಗೆಸಿ.

ಹಾಗಾದರೆ ಹೋಲಿಸುವುದು ಹೇಗೆ? ಇಬ್ಬರು ಮಾರಾಟಗಾರರನ್ನಷ್ಟೇ ಉಳಿಸಿಕೊಂಡು ಎರಡು ವಾರ ಕೊಡಿ. ಮೂರೇ ವರದಿ ಸಾಕು: ಲೆಡ್ಜರಿಗೆ ಕೊನೆಯ ಅಂಕಿಯವರೆಗೂ ತಾಳೆಯಾಗಬೇಕಾದ, ಈಗಾಗಲೇ ಲೆಕ್ಕ ಮುಚ್ಚಿರುವ ತಿಂಗಳದ್ದೊಂದು, ಎಲ್ಲರೂ ಬೈದುಕೊಳ್ಳುವ, ರದ್ದಾದ ಬಿಲ್ಲು, ಹಿಂದಿರುಗಿದ ಸರಕು, ಎರಡೆರಡು ಗ್ರಾಹಕ ಕೋಡ್ ಎಲ್ಲ ಸೇರಿದ್ದೊಂದು, ಮುದ್ರಿಸಬೇಕಾದದ್ದೊಂದು. ಡೇಟಾ ಪೂರ್ತಿ ಗಾತ್ರದ್ದೇ ಇರಲಿ. ಕೀಬೋರ್ಡ್ ಮುಟ್ಟುವವರು ನಿಮ್ಮವರೇ ಆಗಿರಲಿ, ಮಾರುವವರ ತಜ್ಞರು ಪಕ್ಕದಲ್ಲಿ ಕೂತು ಬಾಯಲ್ಲಿ ಮಾತ್ರ ಹೇಳಲಿ. ಎರಡನೇ ವಾರ ಬೇಕೆಂದೇ ಕೆಡಿಸಿ: ಮೂಲ ಟೇಬಲ್ಲಿನ ಒಂದು ಕಾಲಂ ಹೆಸರು ಬದಲಿಸಿ, ಎಷ್ಟು ವರದಿ ಒಡೆಯುತ್ತವೆ, ಯಾವುವೆಂದು ಸಾಫ್ಟ್‌ವೇರ್ ಮೊದಲೇ ಹೇಳುತ್ತದೆಯೇ, ಹಿಂದಿನ ಆವೃತ್ತಿಗೆ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಡಿ.

ಹೊರಬರುವ ದಾರಿಯನ್ನೂ ಈಗಲೇ ನೋಡಬೇಕು. ಬಿಐ ಕಂಪನಿಗಳ ಒಡೆತನ ಬದಲಾಗುತ್ತಲೇ ಇರುತ್ತದೆ: 2007ರಲ್ಲಿ ಒರಾಕಲ್ ಹೈಪೀರಿಯನ್ನನ್ನು ಕೊಂಡಿತು, ಅದೇ ವರ್ಷ ಎಸ್‌ಎಪಿ ಬಿಸಿನೆಸ್ ಆಬ್ಜೆಕ್ಟ್ಸನ್ನೂ ಐಬಿಎಂ ಕಾಗ್ನೋಸನ್ನೂ ಕೊಳ್ಳುವುದಾಗಿ ಸಾರಿದವು. 2019ರಲ್ಲಿ ಟ್ಯಾಬ್ಲೋ ಸೇಲ್ಸ್‌ಫೋರ್ಸ್ ಪಾಲಾಯಿತು, ಲುಕರ್ 2020ರಲ್ಲಿ ಗೂಗಲ್ ಸೇರಿತು. ಒಡೆಯರು ಬದಲಾದಾಗ ಬೆಲೆಯೂ ದಾರಿಯೂ ಬದಲಾಗಬಹುದು. ಟ್ಯಾಬ್ಲೋದ ವರ್ಕ್‌ಬುಕ್ ಎಕ್ಸ್‌ಎಂಎಲ್ ಪಠ್ಯ, ಲುಕ್‌ಎಂಎಲ್ ಕೂಡ ಪಠ್ಯವೇ. ಆದರೆ ಒಂದರ ಸೂತ್ರವನ್ನು ಇನ್ನೊಂದು ಓದುವುದಿಲ್ಲ, ಪವರ್ ಬಿಐನ ಸೂತ್ರಭಾಷೆಯಾದ ಡ್ಯಾಕ್ಸ್‌ನಲ್ಲಿ ಬರೆದ ನೂರು ಲೆಕ್ಕಗಳನ್ನು ಕೈಯಿಂದಲೇ ಮತ್ತೆ ಬರೆಯಬೇಕು. ಅದಕ್ಕೇ ನಿವ್ವಳ ಮಾರಾಟ, ರದ್ದತಿ, ಹಣಕಾಸು ವರ್ಷದಂಥ ಸಾಲುಮಟ್ಟದ ವ್ಯಾಖ್ಯೆಗಳನ್ನು ವೇರ್‌ಹೌಸಿನ ವ್ಯೂಗಳಲ್ಲೇ (ಉಳಿಸಿಟ್ಟ ಕ್ವೆರಿಗಳಲ್ಲೇ) ಇಡಿ. ಅನುಪಾತ, ವಿಶಿಷ್ಟ ಎಣಿಕೆಯಂಥ ಒಟ್ಟುಗೂಡಿಸಿದ ಮೇಲಷ್ಟೇ ತೆಗೆಯಬಹುದಾದವು ಮಾತ್ರ ಬಿಐ ಉಪಕರಣದೊಳಗೆ ಇರಲಿ. ಒಪ್ಪಂದದಲ್ಲಿ, ಚಂದಾ ಮುಗಿದ ಮೇಲೆ ವರದಿ ಮತ್ತು ಮಾಡೆಲ್ ಫೈಲುಗಳನ್ನು ಎಷ್ಟು ದಿನದವರೆಗೆ, ಯಾವ ರೂಪದಲ್ಲಿ ಇಳಿಸಿಕೊಳ್ಳಬಹುದು ಎಂಬ ಸಾಲನ್ನು ಸಹಿಗೆ ಮುಂಚೆಯೇ ಸೇರಿಸಿ. ಎರಡು ವಾರದ ಪರೀಕ್ಷೆಯ ಕೊನೆಯ ದಿನ ಆ ಮೂರೂ ವರದಿಗಳ ಫೈಲುಗಳನ್ನು ಒಮ್ಮೆ ಇಳಿಸಿ, ಬೇರೊಂದು ಖಾಲಿ ಖಾತೆಯಲ್ಲಿ ತೆರೆದು ನೋಡಿ.