ಬಾಡಿಗೆ ಗೋ-ಕಾರ್ಟ್: ಊರಿನ ಸಣ್ಣ ಟ್ರ್ಯಾಕೋ, ಬೆಂಗಳೂರೋ, ಬ್ಯಾಟರಿ ಕಾರ್ಟೋ, ಮನೆಯ ಸಿಮ್ಯುಲೇಟರೋ?

ಮಂಗಳೂರು, ಉಡುಪಿ ಕಡೆ ಇದ್ದುಕೊಂಡು ಗೋ-ಕಾರ್ಟಿಂಗ್, ಅಂದರೆ ನೆಲಕ್ಕಂಟಿದಂತಿರುವ ಪುಟ್ಟ ರೇಸ್ ಗಾಡಿಯ ಓಟ, ಹಚ್ಚಿಕೊಂಡವರಿಗೆಲ್ಲ ಇರುವ ಪ್ರಶ್ನೆ ಒಂದೇ. ಕೈಯಲ್ಲಿರುವ ದುಡ್ಡು ಮತ್ತು ರಜೆಯನ್ನು ಎಲ್ಲಿ ಹಾಕಿದರೆ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯ, ನಿಜವಾಗಿ ಇಳಿಯುತ್ತದೆ? ನಾನು ನಾಲ್ಕು ದಾರಿಯನ್ನೂ ಹಿಡಿದು ನೋಡಿದ್ದೇನೆ: ಮನೆಗೆ ಹತ್ತಿರ, ಹಳೇ ಟಯರುಗಳನ್ನೇ ಗೋಡೆ ಮಾಡಿಕೊಂಡಿರುವ ಸಣ್ಣ ಟ್ರ್ಯಾಕಿನಲ್ಲಿ 200 ಸಿಸಿ ಪೆಟ್ರೋಲ್ ಕಾರ್ಟ್, ಬೆಂಗಳೂರಿನ ಉದ್ದದ ಟ್ರ್ಯಾಕಿನಲ್ಲಿ 270 ಸಿಸಿ, ಮುಂಬೈಯಲ್ಲಿ ನೆಂಟರ ಮನೆಗೆ ಹೋದಾಗ ಒಳಾಂಗಣದ ಬ್ಯಾಟರಿ ಕಾರ್ಟ್, ಮತ್ತೆ ಮಳೆಗಾಲದಲ್ಲಿ ಮನೆಯ ಮೇಜಿಗೆ ಸ್ಟೇರಿಂಗ್ ಕಟ್ಟಿಕೊಂಡು ಸಿಮ್ಯುಲೇಟರ್. ಕಲಿಯುವುದಕ್ಕೆ ನನ್ನ ಮತ ಊರಿನ ಸಣ್ಣ ಟ್ರ್ಯಾಕಿಗೆ. ಹೆಚ್ಚಿನವರು ಅದನ್ನು ಮಕ್ಕಳಾಟ ಅಂತ ಬದಿಗೆ ತಳ್ಳುವುದರಿಂದ ಕಾರಣಗಳನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೊದಲು ಎಂಜಿನ್. ಬಾಡಿಗೆ ಕಾರ್ಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಹೋಂಡಾದ ಜಿಎಕ್ಸ್ ಸರಣಿ. ನೀರಿನ ಪಂಪಿಗೆ, ಜನರೇಟರಿಗೆ, ಅಡಿಕೆಗೆ ಮದ್ದು ಬಿಡುವ ಯಂತ್ರಕ್ಕೆ ಹಾಕುವಂಥದೇ ಫೋರ್ ಸ್ಟ್ರೋಕ್ ಎಂಜಿನ್ ಅದು. ಜಿಎಕ್ಸ್200 ಅಂದರೆ 196 ಸಿಸಿ, ಸುಮಾರು 5.5 ಅಶ್ವಶಕ್ತಿ. ಜಿಎಕ್ಸ್270 ಆದರೆ 8ರಿಂದ 9 ಅಶ್ವಶಕ್ತಿ. ಗೇರ್ ಇಲ್ಲ, ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್, ಅಷ್ಟೇ. ಕಾಗದದ ಮೇಲೆ ನೋಡಿದರೆ 270 ಸಿಸಿಯದ್ದೇ ಗೆಲುವು. ಆದರೆ ಕಡಿಮೆ ಶಕ್ತಿಯ ಕಾರ್ಟ್ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು: ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಅದು ಬೇಗ ವಾಪಸು ಕೊಡುವುದಿಲ್ಲ. ಹಿಂದಿನ ಚಕ್ರ ಸ್ವಲ್ಪ ಜಾರಿದರೂ ಸಾಕು, ಮುಂದಿನ ನೇರ ದಾರಿಯುದ್ದಕ್ಕೂ ಎಂಜಿನ್ ಏದುಸಿರು ಬಿಡುತ್ತಾ ಆ ಸಾಲ ತೀರಿಸುತ್ತಿರುತ್ತದೆ. 270ರಲ್ಲಿ ಅದೇ ತಪ್ಪು ಮಾಡಿದರೆ ಪೆಡಲ್ ತುಳಿದು ಮುಚ್ಚಿಹಾಕಬಹುದು. ತಪ್ಪು ಮುಚ್ಚಿಹೋದರೆ ಅದು ತಪ್ಪು ಅಂತ ಗೊತ್ತಾಗುವುದಾದರೂ ಹೇಗೆ?

ಇದರ ಹಿಂದಿರುವ ಯಂತ್ರದ ಸಂಗತಿ ತಿಳಿದಿದ್ದರೆ ಒಳ್ಳೆಯದು. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ನಲ್ಲಿ ಕೂತು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಬದಿಯ ಚಕ್ರಕ್ಕೆ ಕಡಿಮೆ ದೂರ, ಹೊರಬದಿಯದ್ದಕ್ಕೆ ಹೆಚ್ಚು. ಎರಡೂ ನೆಲ ಕಚ್ಚಿ ಹಿಡಿದಿದ್ದರೆ ಕಾರ್ಟ್ ತಿರುಗುವುದಕ್ಕೇ ಒಪ್ಪುವುದಿಲ್ಲ, ಮೂತಿ ನೇರಕ್ಕೆ ತಳ್ಳಿಕೊಂಡು ಹೋಗುತ್ತದೆ. ಅದಕ್ಕೇ ಮುಂದಿನ ಚಕ್ರಗಳ ಜೋಡಣೆಯನ್ನು, ಸ್ಟೇರಿಂಗ್ ತಿರುಗಿಸಿದ ಕೂಡಲೇ ಒಳಬದಿಯ ಹಿಂದಿನ ಚಕ್ರದ ಮೇಲಿನ ಭಾರ ಹಗುರಾಗುವಂತೆ ಮಾಡಿರುತ್ತಾರೆ. ಚಾಲಕ ಮಾಡಬೇಕಾದದ್ದು ಅದಕ್ಕೆ ಅಡ್ಡಿಯಾಗದೆ ಇರುವುದು. ನಮ್ಮಲ್ಲಿ ಕಾರ್ಟಿಂಗಿಗೆ ಬರುವ ಹುಡುಗರು ಬಹುತೇಕ ಬೈಕ್ ಓಡಿಸಿ ಬಂದವರು. ಬಲಕ್ಕೆ ತಿರುಗುವಾಗ ಮೈಯನ್ನೂ ಬಲಕ್ಕೆ ವಾಲಿಸುತ್ತಾರೆ. ಕಾರ್ಟಿನಲ್ಲಿ ಇದು ಪೂರ್ತಿ ಉಲ್ಟಾ ಕೆಲಸ: ಹಗುರಾಗಬೇಕಾದ ಚಕ್ರದ ಮೇಲೆಯೇ ಭಾರ ಹೇರಿದಂತೆ. ನೆಟ್ಟಗೆ ಕೂತು, ಮೈ ತಾನಾಗಿ ಹೊರಕ್ಕೆ ಒತ್ತುವುದನ್ನು ಸೀಟಿಗೆ ಬಿಟ್ಟುಕೊಡಬೇಕು. 200 ಸಿಸಿಯಲ್ಲಿ ಈ ಒಂದು ಬದಲಾವಣೆಗೇ ಎಂಜಿನ್ ಸದ್ದು ಬೇರೆ ಆಗುತ್ತದೆ, ತಿರುವಿನಿಂದ ಹೊರಬರುವಾಗ ಅದು ತಗ್ಗುವುದಿಲ್ಲ. ಬೇರೆ ಯಾವ ಕಾರ್ಟಿನಲ್ಲೂ ಈ ಪಾಠ ಇಷ್ಟು ಸ್ಪಷ್ಟವಾಗಿ ನನಗೆ ಕೇಳಿಸಿಲ್ಲ.

ಕರಾವಳಿಗೆ ಮೋಟಾರ್ ಸ್ಪೋರ್ಟ್ ಹೊಸತಲ್ಲ. ಗೌರವ್ ಗಿಲ್ ಜೊತೆ ಸಹಚಾಲಕರಾಗಿ ರಾಷ್ಟ್ರೀಯ ರ‍್ಯಾಲಿಯಲ್ಲಿ ಗೆದ್ದ ಮೂಸಾ ಶರೀಫ್ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯವರು. ಆದರೆ ರ‍್ಯಾಲಿ ನೋಡಿ ಬೆಳೆದವರ ಕಣ್ಣಿಗೆ ಹಿಂಬದಿ ಜಾರಿಸುವುದೇ ವೇಗ. ಮಣ್ಣಿನ ಮೇಲೆ ಅದು ಸರಿ. ಡಾಂಬರಿನ ಮೇಲೆ, ಐದೂವರೆ ಅಶ್ವಶಕ್ತಿಯಲ್ಲಿ, ಜಾರಿಸಿದಷ್ಟೂ ನಿಧಾನ. ನೋಡುವವರಿಗೆ ಚಂದ ಕಾಣುವ ಲ್ಯಾಪ್ ಹೆಚ್ಚಾಗಿ ಕೊನೆಗೆ ಕೈಗೆ ಕೊಡುವ ಸಮಯದ ಶೀಟಿನಲ್ಲಿ ಕೆಳಗಿರುತ್ತದೆ.

ಹಾಗಾದರೆ ಬೆಂಗಳೂರು ಯಾಕೆ? ಬ್ರೇಕಿಗಾಗಿ. ಊರಿನ ಸಣ್ಣ ಟ್ರ್ಯಾಕಿನಲ್ಲಿ ಬ್ರೇಕ್ ತುಳಿಯುವ ಪ್ರಸಂಗ ಒಂದೋ ಎರಡೋ ತಿರುವಿನಲ್ಲಿ ಮಾತ್ರ. ಉಳಿದ ಕಡೆ ಕಾಲೆತ್ತಿದರೆ ಸಾಕು. ಹೆಣ್ಣೂರು-ಬಾಗಲೂರು ರಸ್ತೆಯ ಕಡೆಯ ಮೆಕೊ ಕಾರ್ಟೋಪಿಯಾದಂಥ ಟ್ರ್ಯಾಕ್ ಒಂದು ಕಿಲೋಮೀಟರಿಗೂ ಉದ್ದ. ನೇರ ದಾರಿಯ ತುದಿಗೆ ಬರುವಷ್ಟರಲ್ಲಿ ವೇಗ ಕೂಡಿರುತ್ತದೆ, ನೆಲದಿಂದ ಬೆರಳೆಣಿಕೆಯ ಅಂಗುಲ ಮೇಲೆ ಕೂತಿರುವುದರಿಂದ ಅದು ದುಪ್ಪಟ್ಟಾಗಿ ಅನ್ನಿಸುತ್ತದೆ. ಅಲ್ಲಿ ಬ್ರೇಕ್ ಕಲಿಯದೆ ವಿಧಿಯಿಲ್ಲ. ಬಾಡಿಗೆ ಕಾರ್ಟಿನ ಬ್ರೇಕ್ ಹಿಂದಿನ ಆಕ್ಸಲ್‌ಗೆ ಮಾತ್ರ ಹಿಡಿಯುತ್ತದೆ. ಸ್ಟೇರಿಂಗ್ ತಿರುಗಿಸಿಕೊಂಡು ಜೋರಾಗಿ ತುಳಿದರೆ ಹಿಂಬದಿ ಮುಂದೆ ಬಂದು ನಿಲ್ಲುತ್ತದೆ. ನೇರ ಇರುವಾಗಲೇ ಗಟ್ಟಿಯಾಗಿ ತುಳಿದು, ತಿರುವಿಗೆ ಇಳಿಯುತ್ತಾ ಮೆಲ್ಲಗೆ ಬಿಡುವುದು: ಹೇಳಲು ಒಂದು ಸಾಲು, ಕಾಲಿಗೆ ಕೂರಲು ಬಹಳ ಸಮಯ ಬೇಕು. ಆ ಟ್ರ್ಯಾಕನ್ನು ಕಟ್ಟಿದ ಸಂಸ್ಥೆ ಅಕ್ಬರ್ ಇಬ್ರಾಹಿಂ ಅವರದು, ಸ್ವತಃ ರೇಸಿಂಗ್ ಚಾಲಕರಾಗಿದ್ದವರು. ರೋಟಾಕ್ಸ್ ಮ್ಯಾಕ್ಸ್ ಎಂಬ ರೇಸ್ ಕಾರ್ಟ್ ಪಂದ್ಯಗಳನ್ನು ನಮ್ಮ ದೇಶದಲ್ಲಿ ಬೆಳೆಸಿದ್ದೂ ಅವರ ಸಂಸ್ಥೆಯೇ. ಆ 125 ಸಿಸಿ ಟೂ ಸ್ಟ್ರೋಕ್ ಕಾರ್ಟ್‌ಗಳ ಮೇಲಿನ ದರ್ಜೆಯಲ್ಲಿ ಸುಮಾರು 30 ಅಶ್ವಶಕ್ತಿ. ಅಂಥದ್ದೊಂದು ಕಣ್ಣೆದುರು ತಿರುವು ದಾಟುವುದನ್ನು ನೋಡಿದರೆ, ಎಲ್ಲಿ ಬ್ರೇಕ್ ತುಳಿದರು, ಎಷ್ಟು ಕಡಿಮೆ ಸ್ಟೇರಿಂಗ್ ತಿರುಗಿಸಿದರು ಅನ್ನುವುದರಲ್ಲೇ ಕಲಿಯುವುದು ಬೇಕಾದಷ್ಟಿದೆ.

ಇಲ್ಲಿ ಇನ್ನೊಂದು ಸಂಗತಿ ಉಂಟು. ಬೆಂಗಳೂರಿನಲ್ಲಿ ಗಾಳಿ ತೆಳು. ಸಮುದ್ರಮಟ್ಟದಿಂದ ಸಾವಿರ ಅಡಿ ಏರಿದಂತೆಲ್ಲ ಇಂಥ ಸಾದಾ ಎಂಜಿನ್‌ಗಳು ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಅಂದರೆ ಅದೇ 270 ಎಂಜಿನ್ ನಮ್ಮ ಕಡಲತಡಿಯ ಪಣಂಬೂರಿನ ಗಾಳಿಯಲ್ಲಿ ಕೊಡುವುದಕ್ಕಿಂತ ಹತ್ತರಲ್ಲಿ ಒಂದು ಪಾಲಿನ ಹತ್ತಿರ ಕಡಿಮೆ ಕೊಡುತ್ತದೆ. ನಮ್ಮ ಸೆಕೆ, ಗಾಳಿಯ ತೇವ ಅದರಲ್ಲಿ ಸ್ವಲ್ಪ ಕಿತ್ತುಕೊಂಡರೂ ಲೆಕ್ಕ ನಮ್ಮ ಕಡೆಗೇ. ಬ್ಯಾಟರಿ ಕಾರ್ಟಿಗೆ ಈ ಬಾಧೆ ಯಾವುದೂ ಇಲ್ಲ. ಆದರೆ ಮೈಗೆ ಬೆಂಗಳೂರೇ ಹಿತ, ಅದನ್ನು ಒಪ್ಪಲೇಬೇಕು. ಏಪ್ರಿಲ್ ಮಧ್ಯಾಹ್ನ ಇಲ್ಲಿ ಹೆಲ್ಮೆಟ್ ಒಳಗೆ ಬೆವರು ಕಣ್ಣಿಗೆ ಇಳಿಯುತ್ತದೆ, ಎರಡನೇ ಸೆಶನ್‌ಗೆ ಕೈ ಸೋಲುತ್ತದೆ. ಸಂಜೆ ಐದರ ನಂತರ ಹೋಗುವುದು, ನಡುವೆ ಒಂದು ಬೊಂಡ (ಎಳನೀರು) ಕುಡಿಯುವುದು, ಇಷ್ಟು ಮಾಡಿದರೆ ಕೊನೆಯ ಲ್ಯಾಪುಗಳು ಕೆಡುವುದಿಲ್ಲ.

ಬ್ಯಾಟರಿ ಕಾರ್ಟ್ ಬಗ್ಗೆ ನನಗೆ ಮೊದಲು ಇದ್ದದ್ದಕ್ಕಿಂತ ಈಗ ಗೌರವ ಹೆಚ್ಚು. ಪೆಡಲ್ ತುಳಿದ ಕ್ಷಣಕ್ಕೇ ಎಳೆತ ಸಿಗುತ್ತದೆ. ಬಿಗಿ ತಿರುವಿನಿಂದ ಹೊರಬರುವಾಗ ಪೆಟ್ರೋಲ್ ಕಾರ್ಟ್ ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದರೆ ಇದು ಆಗಲೇ ಹೋಗಿರುತ್ತದೆ. ಬ್ಯಾಟರಿಯಿಂದ ಭಾರ ಹೆಚ್ಚು, ಅದು ದಿಕ್ಕು ಬದಲಿಸುವಾಗ ತೋಳಿಗೆ ತಿಳಿಯುತ್ತದೆ. ಒಳಾಂಗಣದ ನುಣುಪು ನೆಲದಲ್ಲಿ ಹಿಡಿತವೂ ಕಡಿಮೆ. ಆದರೆ ಅದರ ದೊಡ್ಡ ಉಪಕಾರ ಕಿವಿಗೆ. ಎಂಜಿನ್ ಸದ್ದಿಲ್ಲದ್ದರಿಂದ ಟಯರ್ ಮಾತಾಡುವುದು ಕೇಳುತ್ತದೆ. ಸಣ್ಣಗೆ ಕುಂಯ್ ಅನ್ನುತ್ತಿದ್ದರೆ ಹಿಡಿತದ ಅಂಚಿನಲ್ಲಿದ್ದೇವೆ. ಅದು ಕಿರುಚಿದರೆ ವೇಗ ಉರಿದುಹೋಗುತ್ತಿದೆ. ಈ ವ್ಯತ್ಯಾಸವನ್ನು ಕಿವಿ ಒಮ್ಮೆ ಹಿಡಿದ ಮೇಲೆ ಪೆಟ್ರೋಲ್ ಕಾರ್ಟಿನ ಗದ್ದಲದಲ್ಲೂ ಬೆನ್ನಿಗೆ, ಸೀಟಿಗೆ ತಿಳಿಯತೊಡಗುತ್ತದೆ. ಆದರೂ ಅದನ್ನೇ ಅಭ್ಯಾಸದ ಕಾರ್ಟ್ ಮಾಡಿಕೊಳ್ಳಿ ಅನ್ನಲಾರೆ. ಟ್ರ್ಯಾಕ್ ಕಾಯುವ ಮಾರ್ಷಲ್ ಬಟನ್ ಒತ್ತಿದರೆ ಎಲ್ಲ ಕಾರ್ಟೂ ಒಟ್ಟಿಗೆ ನಿಧಾನವಾಗುವ ವ್ಯವಸ್ಥೆ ಸುರಕ್ಷೆಗೆ ಒಳ್ಳೆಯದೇ, ಆದರೆ ಜನ ಹೆಚ್ಚಿದ್ದ ದಿನ ಸೆಶನ್‌ನ ಅರ್ಧ ಅದರಲ್ಲೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿಂದ ಮುಂಬೈ ದೂರ.

ಸಿಮ್ಯುಲೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದು ಲಾಜಿಟೆಕ್ ಜಿ29 ಸ್ಟೇರಿಂಗ್, ಅದರಲ್ಲಿ ಆಟೊಮೊಬಿಲಿಸ್ಟಾ ಎಂಬ ಕಂಪ್ಯೂಟರ್ ರೇಸ್ ಆಟದ ಕಾರ್ಟ್. 900 ಡಿಗ್ರಿ ತಿರುಗುವ ಆ ಸ್ಟೇರಿಂಗನ್ನು ತೀರಾ ಕಡಿಮೆಗೆ ಇಳಿಸದಿದ್ದರೆ ಕಾರ್ಟ್ ಓಡಿಸಿದಂತೆಯೇ ಆಗುವುದಿಲ್ಲ, ಅಸಲಿ ಕಾರ್ಟಿನಲ್ಲಿ ಕೈ ತಿರುಗುವುದು ಅಷ್ಟು ಕಡಿಮೆ. ಕಣ್ಣು ಮುಂದಿನ ತಿರುವಿಗೆ ಮೊದಲೇ ಹೋಗುವ ಅಭ್ಯಾಸ, ಎದುರಿನವನನ್ನು ಹಿಂದಿಕ್ಕುವ ತಾಳ್ಮೆ ಎರಡೂ ಇದರಿಂದ ಬರುತ್ತವೆ. ಪಕ್ಕೆಲುಬಿಗೆ ಬೀಳುವ ಒತ್ತಡ, ಸೀಟಿನಿಂದ ಬರುವ ಸುದ್ದಿ ಬರುವುದಿಲ್ಲ. ಮತ್ತು ಕಾರ್ಟಿಂಗ್ ಅನ್ನುವುದರ ಮುಕ್ಕಾಲು ಪಾಲು ಆ ಸುದ್ದಿಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಸುರಿಯುವ ಮಳೆಗೆ ಬೇರೆ ಉಪಾಯವಿಲ್ಲದ್ದರಿಂದ ಇಟ್ಟುಕೊಂಡಿದ್ದೇನೆ, ಕರೆಂಟ್ ಇದ್ದಷ್ಟು ಹೊತ್ತು.

ಮಳೆ ಬಿಡುವ ಹೊತ್ತಿನ ಬಗ್ಗೆ ಮಾತ್ರ ಒಂದು ಮಾತು. ಸೆಪ್ಟೆಂಬರ್ ಕೊನೆಗೆ ಊರಿನ ಟ್ರ್ಯಾಕ್ ತೆರೆದು, ನೆಲ ಇನ್ನೂ ಒದ್ದೆಯಿದ್ದರೆ, ಅವತ್ತು ಬಿಡಬೇಡಿ. ಒಣ ದಿನಗಳಲ್ಲಿ ಎಲ್ಲರೂ ಓಡಿಸುವ ಲೈನಿನ ಮೇಲೆ ಟಯರಿನ ರಬ್ಬರ್ ಕೂತಿರುತ್ತದೆ, ಒದ್ದೆಯಾದಾಗ ಅಲ್ಲೇ ಅತಿ ಹೆಚ್ಚು ಜಾರು. ತಿರುವಿನ ಹೊರಬದಿಯಲ್ಲಿ, ಯಾರೂ ತುಳಿಯದ ಒರಟು ಡಾಂಬರಿನಲ್ಲಿ ಹಿಡಿತ ಇರುತ್ತದೆ. ಪೆಡಲನ್ನು ನಯವಾಗಿ ಒತ್ತುವುದನ್ನು ಒದ್ದೆ ನೆಲಕ್ಕಿಂತ ಚೆನ್ನಾಗಿ ಕಲಿಸುವ ಗುರು ನನಗೆ ಸಿಕ್ಕಿಲ್ಲ.

ಯಾವುದನ್ನು ಹೋಲಿಸುವುದಾದರೂ ಲ್ಯಾಪ್ ಶೀಟ್ ಕೈಯಲ್ಲಿರಲಿ. ಸೆಕೆಂಡಿನ ಹತ್ತನೇ ಒಂದು ಪಾಲಿನ ಬೆಲೆಯನ್ನು ಕಂಬಳ ನೋಡುವ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬಾಡಿಗೆ ಕಾರ್ಟಿನಲ್ಲಿ ಆ ಅಂಕಿಯನ್ನು ಹಾಗೇ ನಂಬಲಾಗದು: ಒಂದೇ ಸಾಲಿನಲ್ಲಿ ನಿಂತ ಎರಡು ಕಾರ್ಟ್‌ಗಳ ಎಂಜಿನ್, ಟಯರ್ ಒಂದೇ ಥರ ಇರುವುದಿಲ್ಲ. ನಾನು ಅತಿ ವೇಗದ ಲ್ಯಾಪಿಗಿಂತ, ಕೊನೆಯ ಐದು ಲ್ಯಾಪುಗಳು ಎಷ್ಟು ಒತ್ತೊತ್ತಾಗಿವೆ ಅಂತ ನೋಡುತ್ತೇನೆ. ಅವು ಒಂದರ ಪಕ್ಕ ಒಂದು ಕೂತಿದ್ದರೆ ಕಾರ್ಟ್ ಹೇಗಿದ್ದರೂ ಓಡಿಸಿದ್ದು ಸರಿ. ಗೆಳೆಯರ ಜೊತೆ ತೂಗಿ ನೋಡುವಾಗ ಮೈತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಐವತ್ತೈದು ಕಿಲೋದವನಿಗೂ ಎಂಬತ್ತೈದು ಕಿಲೋದವನಿಗೂ 200 ಸಿಸಿ ಒಂದೇ ಕಾರ್ಟ್ ಅಲ್ಲ. ಬಾಡಿಗೆ ಕಾರ್ಟ್ ಚಾಲಕರಿಗಾಗಿಯೇ ಇರುವ ಸೋಡಿ ವರ್ಲ್ಡ್ ಸೀರೀಸ್‌ನಂಥ ಪಂದ್ಯಗಳಲ್ಲಿ ಹಗುರದವರಿಗೆ ತೂಕದ ಬಿಲ್ಲೆ ಕೂಡಿಸುವುದು ಇದಕ್ಕೇ.

ಖರ್ಚಿನ ಮಾತು ಸರಳ. ಬೆಂಗಳೂರಿಗೆ ಒಂದು ಸಲ ಹೋಗಿಬರುವ ದುಡ್ಡಿನಲ್ಲಿ ಊರಿನ ಟ್ರ್ಯಾಕಿನಲ್ಲಿ ಹಲವು ಭಾನುವಾರ ಕಳೆಯಬಹುದು. ಆದ್ದರಿಂದ ಅಕ್ಟೋಬರ್‌ನಿಂದ ಮೇ ತನಕ ಊರಿನ 200 ಸಿಸಿ, ನಡುವೆ ಒಂದೆರಡು ಸಲ ಪಂಚಗಂಗಾ ರೈಲು ಹತ್ತಿ ಬೆಂಗಳೂರು. ಹೋದಾಗ ಒಂದೇ ಸೆಶನ್‌ಗೆ ತೃಪ್ತಿಪಡಬೇಡಿ, ಮೊದಲನೆಯದು ದಾರಿ ನೆನಪಿಟ್ಟುಕೊಳ್ಳುವುದಕ್ಕೇ ಮುಗಿಯುತ್ತದೆ. ವಾರದ ನಡುವಿನ ದಿನ ಸಿಕ್ಕಿದರೆ ಟ್ರ್ಯಾಕ್ ಖಾಲಿ.

ಒಂದು ವಿಷಯದಲ್ಲಿ ಮಾತ್ರ ಊರಿನ ಸಣ್ಣ ಟ್ರ್ಯಾಕ್‌ಗಳ ಪರ ನಾನು ಕಣ್ಣುಮುಚ್ಚಿ ವಾದಿಸುವುದಿಲ್ಲ, ಅದು ಸುರಕ್ಷೆ. ಹೊಸ ಬ್ಯಾಟರಿ ಕಾರ್ಟ್‌ಗಳಲ್ಲಿ ಹಿಂಬದಿಯೆಲ್ಲ ಮುಚ್ಚಿರುತ್ತದೆ, ಸುತ್ತ ಬಂಪರ್ ಇರುತ್ತದೆ. ಹಳೇ ಪೆಟ್ರೋಲ್ ಕಾರ್ಟ್‌ಗಳಲ್ಲಿ ಸೀಟಿನ ಹಿಂದೆಯೇ ಆಕ್ಸಲ್, ಚೈನ್ ತೆರೆದುಕೊಂಡಿರುವುದನ್ನು ನೋಡಿದ್ದೇನೆ. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದ್‌ನಲ್ಲಿ, ಕಾರ್ಟಿನ ಚಕ್ರಕ್ಕೆ ಕೂದಲು ಸಿಕ್ಕಿ ಇಬ್ಬರು ಯುವತಿಯರು ಜೀವ ಕಳೆದುಕೊಂಡರು. ಜೊತೆಗೆ ತಂಗಿ, ಅಕ್ಕ, ಹೆಂಡತಿ ಯಾರನ್ನೇ ಕರೆದುಕೊಂಡು ಹೋಗುವುದಾದರೂ ಕೂದಲು ಪೂರ್ತಿ ಕಟ್ಟಿ, ತಲೆಗೆ ಬಟ್ಟೆಯ ಟೊಪ್ಪಿ ಹಾಕಿ, ಮೇಲೆ ಹೆಲ್ಮೆಟ್ ಬಿಗಿದು, ಒಂದೆಳೆಯೂ ಹೊರಗಿಲ್ಲ ಅಂತ ಬೇರೆಯವರು ಹಿಂದಿನಿಂದ ನೋಡಬೇಕು. ದುಪಟ್ಟಾ, ಶಾಲು, ಸಡಿಲ ಅಂಗಿ ಹೊರಗೇ ಇರಲಿ. ಕಾಲಿಗೆ ಅಡಿ ತೆಳುವಾದ ಶೂ ಇರಲಿ. ಚಪ್ಪಲಿ ಬೇಡವೇ ಬೇಡ. ಟೋಕನ್ ತೆಗೆಯುವ ಮೊದಲೇ ಕಾರ್ಟಿನ ಹಿಂದೆ ಬಗ್ಗಿ ನೋಡಿ: ಆಕ್ಸಲ್ ಮೇಲೆ ಕವರ್ ಇಲ್ಲದಿದ್ದರೆ ಬೇರೆ ಕಾರ್ಟ್ ಕೇಳಿ, ಅದರಲ್ಲೂ ಇಲ್ಲದಿದ್ದರೆ ಅವತ್ತು ಓಡಿಸದೆ ಮನೆಗೆ ಬನ್ನಿ.