ಮನೋವಿಜ್ಞಾನ ಪದವೀಧರರಿಗೆ ವೃತ್ತಿ ಮಾರ್ಗದರ್ಶನ: ಬೆಂಗಳೂರಿನ ಕೇಂದ್ರವೊಂದರ ಸೇವೆ ಹೇಗಿದೆ?

ಮನೋವಿಜ್ಞಾನ ಓದಿದವರಿಗೆಂದೇ ವೃತ್ತಿ ಮಾರ್ಗದರ್ಶನ ನೀಡುವುದಾಗಿ ಹೇಳಿಕೊಳ್ಳುವ ದಕ್ಷಿಣ ಬೆಂಗಳೂರಿನ ಖಾಸಗಿ ಕೇಂದ್ರವೊಂದರ ಸೇವೆಯನ್ನು, ಇತ್ತೀಚೆಗೆ ಬಿ.ಎ. ಮುಗಿಸಿದ ನನ್ನ ಮಗಳ ಸಲುವಾಗಿ ಪಡೆದುಕೊಂಡೆವು. ಮೂರೂವರೆ ಸಾವಿರ ರೂಪಾಯಿ ಶುಲ್ಕದಲ್ಲಿ ಕಂಪ್ಯೂಟರ್ ಮೇಲೆ ಬರೆಯುವ ಅಭಿರುಚಿ ಪರೀಕ್ಷೆ, ಮಾರ್ಗದರ್ಶಕರೊಂದಿಗೆ ಎರಡು ಭೇಟಿ ಮತ್ತು ಒಂದು ಮುದ್ರಿತ ವರದಿ ಸೇರಿವೆ. ಕಂಪನಿ ಕೆಲಸಗಳತ್ತ ಒಲವಿರುವವರಿಗೆ ಈ ಹಣ ದಂಡವಾಗುವುದಿಲ್ಲ. ಆದರೆ ಚಿಕಿತ್ಸೆಯ ಕ್ಷೇತ್ರಕ್ಕೆ ಹೋಗಬೇಕೆನ್ನುವವರು ಇಲ್ಲಿಯ ವರದಿಯೊಂದನ್ನೇ ನಂಬಿ ಮುಂದಿನ ಓದನ್ನು ನಿರ್ಧರಿಸುವುದು ಸರಿಯಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ನಮಗೆ ಸಿಕ್ಕ ಮಾರ್ಗದರ್ಶಕಿ ಮಾನವ ಸಂಪನ್ಮೂಲ ವಿಭಾಗದಲ್ಲಿ ಬಹುಕಾಲ ದುಡಿದವರಾದ್ದರಿಂದ, ನೇಮಕಾತಿ, ಉದ್ಯೋಗಿಗಳ ತರಬೇತಿ, ಮಾರುಕಟ್ಟೆ ಸಂಶೋಧನೆ ಇವುಗಳಲ್ಲಿ ದಿನನಿತ್ಯ ಏನು ಕೆಲಸವಿರುತ್ತದೆ ಎಂಬುದನ್ನು ಬಣ್ಣ ಕಟ್ಟದೆ ವಿವರಿಸಿದರು. ಬಳಕೆದಾರರ ಸಂಶೋಧನೆ, ಅಂದರೆ ಆ್ಯಪ್‌ಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಕೆಲಸದ ಪ್ರಸ್ತಾಪ ಬಂದಾಗ, ಅವರು ಮಾತಿನಲ್ಲೇ ಮುಗಿಸದೆ ಒಂದು ಸಣ್ಣ ಪ್ರಯೋಗ ಮಾಡಿಸಿದರು. ಕಚೇರಿಯ ಹಿರಿಯ ಸಹಾಯಕರೊಬ್ಬರ ಕೈಗೆ ಫೋನ್ ಕೊಟ್ಟು ಬೆಸ್ಕಾಂ ಬಿಲ್ ಕಟ್ಟಲು ಹೇಳಿ, ಅವರ ಬೆರಳು ಎಲ್ಲೆಲ್ಲಿ ತಡವರಿಸಿತು, ಯಾವ ಗುಂಡಿಯನ್ನು ಎರಡೆರಡು ಸಲ ಒತ್ತಿದರು ಎಂಬುದನ್ನು ನಡುವೆ ಬಾಯಿ ಹಾಕದೆ ಗಮನಿಸಿ ಬರೆಯುವಂತೆ ನನ್ನ ಮಗಳಿಗೆ ಸೂಚಿಸಿದರು. ಅವಳು ಬರೆದದ್ದನ್ನು ಓದಿ, ‘ಅವರಿಗೆ ಗೊಂದಲವಾಯಿತು ಎನ್ನುವುದು ನಿನ್ನ ಊಹೆ, ಖಾತೆ ಸಂಖ್ಯೆಯ ಜಾಗದಲ್ಲಿ ಫೋನ್ ನಂಬರ್ ಹಾಕಿದರು ಎನ್ನುವುದು ನೀನು ಕಂಡದ್ದು’ ಎಂದು ಎರಡನ್ನೂ ಬೇರ್ಪಡಿಸಿ ತೋರಿಸಿದರು. ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ಕಲಿತದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ಅವಳಿಗೆ ಸ್ಪಷ್ಟವಾದದ್ದು ಆಗಲೇ.

ವರದಿಯ ಮಾತು ಬೇರೆ. ಅದರ ಒಂದು ಪುಟದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಥೆರಪಿಸ್ಟ್, ಆಪ್ತ ಸಮಾಲೋಚಕ ಎಂಬ ಮೂರನ್ನೂ ಒಂದೇ ಸಾಲಿನಲ್ಲಿಟ್ಟು, ಕೆಳಗೆ ‘ಎಂ.ಎ. ಹಾಗೂ ಸರ್ಟಿಫಿಕೇಟ್ ಕೋರ್ಸ್’ ಎಂದು ಅರ್ಹತೆಯನ್ನು ನಮೂದಿಸಲಾಗಿದೆ. ಇದು ದಾರಿ ತಪ್ಪಿಸುವ ಮಾಹಿತಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ, ಪರಿಷತ್ತು ಮಾನ್ಯ ಮಾಡಿದ ಅರ್ಹತೆ ಪಡೆದು ಅದರ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿದವರು ಮಾತ್ರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸಬಹುದು. ಎಂ.ಎ. ಅಥವಾ ಎಂ.ಎಸ್ಸಿ. ಆದಮೇಲೆ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಪ್ರವೇಶ ಪರೀಕ್ಷೆ ಬರೆದು, ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಾ ಮುಗಿಸುವ ಎರಡು ವರ್ಷಗಳ ಎಂ.ಫಿಲ್. ಇದುವರೆಗಿನ ಹೆದ್ದಾರಿಯಾಗಿತ್ತು. ಆ ಹೆದ್ದಾರಿಯೂ ಈಗ ತಿರುವಿನಲ್ಲಿದೆ: ಹೊಸ ಶಿಕ್ಷಣ ನೀತಿಯ ನಂತರ ಎಂ.ಫಿಲ್. ಪದವಿಯನ್ನೇ ಕೈಬಿಟ್ಟ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಕ್ಲಿನಿಕಲ್ ಸೈಕಾಲಜಿಗೆ 2025-26ರ ಪ್ರವೇಶದವರೆಗೆ ಮಾತ್ರ ವಿನಾಯಿತಿ ಪ್ರಕಟಿಸಿತು; ಪುನರ್ವಸತಿ ಪರಿಷತ್ತು ಅದೇ ವಿಷಯದಲ್ಲಿ ಬೇರೆ ಪದವಿಗಳನ್ನು ರೂಪಿಸಿತು. ಈ ವಿಷಯದ ಮೇಲೆ ಹಣ ಪಡೆದು ಸಲಹೆ ಕೊಡುವವರು ಇದನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು. ವರದಿಯ ಹಿಂಬದಿಗೆ ಇದೇ ಕೇಂದ್ರ ನಡೆಸುವ ಸರ್ಟಿಫಿಕೇಟ್ ಕೋರ್ಸ್‌ನ ಕರಪತ್ರವನ್ನು ಪಿನ್ ಮಾಡಿ ಕೊಟ್ಟದ್ದನ್ನು ಕಂಡಮೇಲೆ, ಈ ಮೌನ ಆಕಸ್ಮಿಕವೆಂದು ನಂಬುವುದು ನನಗೆ ಕಷ್ಟವಾಯಿತು.

ಸರ್ಕಾರಿ ವಲಯದ ಬಗ್ಗೆ ವರದಿಯಲ್ಲಿ ಯುಪಿಎಸ್‌ಸಿಯ ಐಚ್ಛಿಕ ವಿಷಯ ಮತ್ತು ಅಧ್ಯಾಪನಕ್ಕೆ ಬೇಕಾದ ನೆಟ್, ಕೆಸೆಟ್ ಪರೀಕ್ಷೆಗಳ ಉಲ್ಲೇಖವಷ್ಟೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಎಚ್‌ಐವಿ ಪರೀಕ್ಷಾ ಕೇಂದ್ರಗಳ ಆಪ್ತ ಸಮಾಲೋಚಕರು, ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರಗಳು, 2022ರ ಅಕ್ಟೋಬರ್ 10ರಂದು ಆರಂಭವಾದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ, ಯಾವುದೂ ಅಲ್ಲಿಲ್ಲ. ಇಂತಹ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು ಎಂಬುದು ನಿಜ. ಆದರೂ ಸಂಕಟದಲ್ಲಿರುವವರ ಮಾತನ್ನು ಅವರದೇ ಆಡುಮಾತಿನಲ್ಲಿ ಕೇಳಿಸಿಕೊಳ್ಳಬಲ್ಲವರಿಗೆ ಇಂತಹ ಕಡೆ ಬೆಲೆಯಿದೆ, ಮತ್ತು ಹಾಸನದ ಹಳ್ಳಿಯೊಂದರಲ್ಲಿ ಬೆಳೆದ ನನ್ನ ಮಗಳಿಗೆ ಆ ಶಕ್ತಿ ಇದೆ. ಅದನ್ನು ಅಳೆಯುವ ಒಂದು ಪ್ರಶ್ನೆಯೂ ಪರೀಕ್ಷೆಯಲ್ಲಿರಲಿಲ್ಲ. ಇಡೀ ಪರೀಕ್ಷೆ ಇಂಗ್ಲಿಷ್‌ನಲ್ಲೇ ಇದ್ದು, ರಜೆಯಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಮಾಡಲು ಇಷ್ಟವೇ ಎಂದು ಕೇಳಿತು.

ಎರಡನೆಯ ಭೇಟಿಯಲ್ಲಿ ನೋಂದಣಿಯ ವಿಷಯ ಎತ್ತಿದಾಗ ಮಾರ್ಗದರ್ಶಕಿ ಕೂಡಲೇ ಒಪ್ಪಿಕೊಂಡು, ಪರಿಷತ್ತಿನ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನು ನೋಡುವ ಬಗೆಯನ್ನು ತಾವೇ ತೋರಿಸಿಕೊಟ್ಟರು. ವರದಿಯನ್ನು ತಿದ್ದಿಕೊಡಿ ಎಂದದ್ದಕ್ಕೆ ಮಾತ್ರ, ಅದು ಸಾಫ್ಟ್‌ವೇರ್ ಸಿದ್ಧಪಡಿಸುವ ಪ್ರತಿಯಾದ್ದರಿಂದ ಬದಲಿಸಲು ಬರುವುದಿಲ್ಲ ಎಂಬ ಉತ್ತರ ಕಚೇರಿಯಿಂದ ಬಂತು. ಇಲ್ಲಿಗೆ ಹೋಗುವವರು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಿ, ಉತ್ತರಗಳನ್ನು ಮಾರ್ಗದರ್ಶಕರ ಬಾಯಿಂದಲೇ ಕೇಳಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.